‘ಆಯ್ತು ಸಾರ್’ ಅಂದರೆ ಏನರ್ಥ?

ಓದುಗರ ಪತ್ರ: ಸಂಪಾದಕರೇ, ನಮಸ್ಕಾರ. ಮೂರು ತಿಂಗಳ ಹಿಂದೆ ನನಗೆ ಮ್ಯಾನೇಜರ್ ಆಗಿ ಬಡ್ತಿ ಸಿಕ್ಕಿತು. ಕೈಕೆಳಗೆ 14 ಜನರಿದ್ದಾರೆ. ನನಗೆ ಕೆಲಸ ಗೊತ್ತು, ಮಾತು ಬರುವುದಿಲ್ಲ. ಮೀಟಿಂಗಿನಲ್ಲಿ ಎದ್ದು ನಿಂತರೆ ನಾಲಿಗೆ ಒಣಗುತ್ತದೆ. ಆಫೀಸಿನವರು ಎರಡು ದಿನದ ಸಂವಹನ ಕೌಶಲ ತರಬೇತಿಗೆ ಕಳಿಸಿದ್ದರು. ನಾವು ಹೇಳುವುದರಲ್ಲಿ ಪದಗಳ ಪಾಲು ಬರೀ ಶೇ. 7, ದನಿಯದು ಶೇ. 38, ಹಾವಭಾವದ್ದು ಶೇ. 55 ಅಂತ ಅಲ್ಲಿ ಕಲಿಸಿದರು. ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಿದ್ದೇನೆ, ಏನೂ ಸುಧಾರಿಸಿಲ್ಲ. ಪಕ್ಕದ ವಿಭಾಗದ ಮ್ಯಾನೇಜರ್ ಮಾತಿಗೆ ನಿಂತರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನನ್ನ ತಂಡದವರು ಒಳ್ಳೆಯವರು, ದೂರು ಅಂತ ಯಾರೂ ನನ್ನ ಹತ್ತಿರ ಬರುವುದಿಲ್ಲ. ನಾನು ಇನ್ನೊಂದು ಕೋರ್ಸ್ ಸೇರಲೇ? – ಹೆಸರು ಬೇಡ ಎಂದಿರುವ ಓದುಗರು

ಸಂಪಾದಕರ ಉತ್ತರ:

ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಜಾಗ ಸಾಲದು ಅಂತ ಇಲ್ಲಿ ಅದರ ಸಾರ ಮಾತ್ರ ಹಾಕಿದ್ದೇನೆ. ನಾಲ್ಕು ಪುಟದಲ್ಲಿ ಒಂದು ವಾಕ್ಯವನ್ನೂ ನಾನು ಎರಡನೇ ಸಲ ಓದಬೇಕಾಗಿ ಬರಲಿಲ್ಲ. ಇಷ್ಟು ವರ್ಷ ಬೇರೆಯವರು ಬರೆದದ್ದನ್ನು ತಿದ್ದಿ ಹೊಟ್ಟೆ ಹೊರೆದವನು ಹೇಳುತ್ತಿದ್ದೇನೆ, ಇದು ಸಣ್ಣ ವಿಷಯ ಅಲ್ಲ. ಹೀಗೆ ಬರೆಯುವವರು ‘ನನಗೆ ಮಾತು ಬರುವುದಿಲ್ಲ’ ಅಂದರೆ ಹೇಗೆ ನಂಬಲಿ?

ಮೊದಲು ಆ ತರಬೇತಿಯವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ನಾಲ್ಕು ಜನರ ಮುಂದೆ ನಿಂತು ಮಾತಾಡುವುದು ಬೇಕಾದ ವಿದ್ಯೆಯೇ. ಕೊನೆಯ ಕುರ್ಚಿಯವರಿಗೂ ಕೇಳಿಸಬೇಕು, ನೆಲ ನೋಡಿಕೊಂಡು ಗೊಣಗಬಾರದು. ಅಭ್ಯಾಸ ಮಾಡಿದರೆ ಬರುತ್ತದೆ, ಮಾಡಿ. ಅವರ ಲೆಕ್ಕ ಇಲ್ಲಿಗೆ ಚುಕ್ತಾ.

ಇನ್ನು ಆ 7, 38, 55. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಸಹೋದ್ಯೋಗಿಗಳ ಜೊತೆ ಸೇರಿ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ ಬಂದದ್ದು ಇದು. ಒಂದರಲ್ಲಿ ಜನರಿಗೆ ಬಿಡಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು. ಇನ್ನೊಂದರಲ್ಲಿ ದನಿಯ ಜೊತೆ ಮುಖದ ಫೋಟೋ ತೋರಿಸಿದರು. ಹೇಳುವವರಿಗೆ ಎದುರಿನವರನ್ನು ಕಂಡರೆ ಇಷ್ಟವೋ ಇಲ್ಲವೋ ಅಂತ ಊಹಿಸಬೇಕಿತ್ತು, ಅಷ್ಟೇ. ಬಾಯಿ ಒಂದು ಹೇಳಿ ಮುಖ ಇನ್ನೊಂದು ಹೇಳಿದರೆ ಜನ ಮುಖವನ್ನು ನಂಬುತ್ತಾರೆ ಅನ್ನುವುದು ಅದರ ಹುರುಳು. ಇಷ್ಟಾನಿಷ್ಟದ ಮಾತು ಬಿಟ್ಟು ಬೇರೆಡೆಗೆ ಈ ಲೆಕ್ಕ ಹೊಂದುವುದಿಲ್ಲ ಅಂತ ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ತರಬೇತಿಯ ಕೋಣೆಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಪದಕ್ಕೆ ಶೇ. 7 ಮಾತ್ರ ಪಾಲು ಅನ್ನುವುದಾದರೆ, ಒಂದಕ್ಷರ ಗೊತ್ತಿಲ್ಲದ ಭಾಷೆಯ ಭಾಷಣ ಕೇಳಿಯೂ ನಮಗೆ ಶೇ. 93 ಅರ್ಥ ಆಗಬೇಕಿತ್ತಲ್ವಾ? ನೀವು ಕನ್ನಡಿಯನ್ನು ತಲೆ ಬಾಚಿಕೊಳ್ಳಲು ಬಳಸಿ, ಸಾಕು.

ಇದಕ್ಕಿಂತ ಉಪಯೋಗಕ್ಕೆ ಬರುವ ಪ್ರಯೋಗ ಒಂದಿದೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಅವರು ಮಾಡಿದ್ದು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡುಗಳ ತಾಳವನ್ನು ಮೇಜಿನ ಮೇಲೆ ಬೆರಳಲ್ಲಿ ತಟ್ಟಬೇಕು, ಕೇಳುವವರು ಹಾಡು ಯಾವುದು ಅಂತ ಹೇಳಬೇಕು. ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಅಂತ ತಟ್ಟಿದವರ ಅಂದಾಜು. ತಟ್ಟಿದ್ದು 120 ಹಾಡು, ಗುರುತು ಸಿಕ್ಕಿದ್ದು 3. ತಟ್ಟುವವರ ತಲೆಯೊಳಗೆ ಪೂರ್ತಿ ಹಾಡು ಓಡುತ್ತಿರುತ್ತದೆ. ಎದುರಿನವರಿಗೆ ಕೇಳುವುದು ಬರೀ ಟಕ್ ಟಕ್. ‘ಎಷ್ಟು ಸಲ ಹೇಳೋದು ಇವರಿಗೆ’ ಅಂತ ತಲೆ ಚಚ್ಚಿಕೊಳ್ಳುವ ಪ್ರತಿ ಮ್ಯಾನೇಜರೂ ಮೇಜು ತಟ್ಟುತ್ತಿರುವವರೇ. ನಾನೂ ತಟ್ಟಿದ್ದೇನೆ.

ಅದರ ಕಥೆ ಹೇಳುತ್ತೇನೆ. ಪತ್ರಿಕೆಯೊಂದರಲ್ಲಿ ರಾತ್ರಿ ಪಾಳಿಯ ಹೊಣೆ ನನ್ನದಿತ್ತು. ಪುಟಗಳು ಅಚ್ಚಿಗೆ ಹೋಗುವ ಹೊತ್ತು. ಒಳಗಿನ ಫೋನಿನಲ್ಲಿ ಹುಡುಗನೊಬ್ಬನನ್ನು ಕೇಳಿದೆ, ‘ಮೂರನೇ ಪುಟ ಆಯ್ತಾ?’ ಆತ ‘ಆಯ್ತು ಸಾರ್’ ಅಂದ. ನಾನು ಫೋನ್ ಇಟ್ಟು ಬೇರೆ ಕೆಲಸಕ್ಕೆ ಹೋದೆ. ಮುಕ್ಕಾಲು ಗಂಟೆಯ ಮೇಲೆ ಅಚ್ಚಿನ ವಿಭಾಗದವರು ಬಂದು, ಮೂರನೇ ಪುಟ ಎಲ್ಲಿ ಅಂತ ಕೇಳಿದರು. ಪುಟ ಆತನ ಮೇಜಿನ ಮೇಲೆ ಅರ್ಧ ಖಾಲಿ ಬಿದ್ದಿತ್ತು. ‘ಬೇಗ ಮುಗಿಸು’ ಅಂದ ಹಾಗೆ ನನ್ನ ದನಿ ಆತನಿಗೆ ಕೇಳಿಸಿತ್ತು. ಆತ ‘ಸರಿ, ಮಾಡ್ತೀನಿ’ ಅನ್ನುವ ಅರ್ಥದಲ್ಲಿ ‘ಆಯ್ತು’ ಅಂದಿದ್ದ. ನಾನು ‘ಮುಗಿಯಿತು’ ಅಂತ ತಿಳಿದೆ. ನೋಡಿ, ನಮ್ಮ ಭಾಷೆಯಲ್ಲಿ ಕೆಲಸ ಮುಗಿದರೂ ಆಯ್ತು, ಶುರು ಮಾಡದೇ ಇದ್ದರೂ ಆಯ್ತು! ‘ಅದೊಂದು ನೋಡ್ಕೊಳ್ಳಿ’, ‘ಮಾಡೋಣ’, ‘ಆ ಫೋಟೋ ತೆಗೀರಿ’ ಎಲ್ಲ ಇದೇ ಜಾತಿ. ಫೋಟೋವನ್ನು ಪುಟದಿಂದ ತೆಗೆಯಬೇಕೋ, ಕಡತದಿಂದ ತೆಗೆದು ಪುಟಕ್ಕೆ ಹಾಕಬೇಕೋ ಆ ದೇವರಿಗೇ ಗೊತ್ತು.

ಅವತ್ತು ನಾನು ಆತನಿಗೆ ಎಲ್ಲರ ಎದುರು ಬೈದೆ. ಚೆನ್ನಾಗಿಯೇ ಬೈದೆ. ದನಿ, ಹಾವಭಾವ ಎಲ್ಲ ನೂರಕ್ಕೆ ನೂರು.

ಇಂಥದೇ ಒಂದು ‘ಆಯ್ತು’ 583 ಜನರ ಜೀವ ತೆಗೆದಿದೆ. 1977ರ ಮಾರ್ಚ್ 27, ಕ್ಯಾನರಿ ದ್ವೀಪಗಳ ಟೆನೆರಿಫ್ ವಿಮಾನ ನಿಲ್ದಾಣ. ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಕಂಪನಿಗಳ ಎರಡು ದೊಡ್ಡ ಜಂಬೊ ವಿಮಾನಗಳು. ಕೆಎಲ್‌ಎಂ ವಿಮಾನದಿಂದ ರೇಡಿಯೊದಲ್ಲಿ ‘ಈಗ ಟೇಕಾಫ್‌ನಲ್ಲಿದ್ದೇವೆ’ ಅಂತ ಮಾತು ಬಂತು. ಓಡಲು ಶುರು ಮಾಡಿದ್ದೇವೆ ಅಂತ ಅವರ ಅರ್ಥ. ಓಡುವ ಜಾಗದಲ್ಲಿ ನಿಂತಿದ್ದೇವೆ ಅಂತ ನಿಲ್ದಾಣದ ನಿಯಂತ್ರಣ ಗೋಪುರದಲ್ಲಿ ಕೂತವರು ತಿಳಿದರು. ‘ಓಕೆ’ ಅಂದರು. ಆಮೇಲೆ ‘ಕಾಯಿರಿ, ನಾನು ಹೇಳುತ್ತೇನೆ’ ಅಂತಲೂ ಅಂದರು. ಅದೇ ಕ್ಷಣಕ್ಕೆ ‘ನಾವಿನ್ನೂ ರನ್‌ವೇ ಮೇಲೇ ಇದ್ದೇವೆ’ ಅಂತ ಪ್ಯಾನ್ ಆಮ್‌ನವರು ಕೂಗಿದರು. ಎರಡೂ ಮಾತು ಒಂದಕ್ಕೊಂದು ಬಡಿದು ಕಿರ್ರೆನ್ನುವ ಸದ್ದಾಯಿತು. ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಸ್ಪಷ್ಟವಾಗಿ ಕೇಳಿದ್ದು ಆ ‘ಓಕೆ’ ಒಂದೇ.

ಇಲ್ಲಿಯವರೆಗಿನದು ಹಲವರಿಗೆ ಗೊತ್ತು. ನನ್ನನ್ನು ಕಾಡುವುದು ಅದರ ನಂತರದ ಕೆಲವು ಸೆಕೆಂಡು. ಕಾಕ್‌ಪಿಟ್‌ನಲ್ಲಿದ್ದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು. ‘ಆ ಪ್ಯಾನ್ ಆಮ್ ಇನ್ನೂ ದಾರಿ ಬಿಟ್ಟಿಲ್ಲವಾ?’ ಅಂತ ಕೇಳಿದರು. ಕ್ಯಾಪ್ಟನ್ ‘ಬಿಟ್ಟಿದೆ’ ಅಂತ ಖಡಾಖಂಡಿತವಾಗಿ ಹೇಳಿದರು. ಎಂಜಿನಿಯರ್ ಇನ್ನೊಂದು ಸಲ ಕೇಳಲಿಲ್ಲ. ಯಾಕೆ ಕೇಳುತ್ತಾರೆ? ಕ್ಯಾಪ್ಟನ್ ಅಂದರೆ ಸಾಮಾನ್ಯರಲ್ಲ, ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುವವರು, ಕಂಪನಿಯ ಜಾಹೀರಾತಿನಲ್ಲಿ ಮುಖ ಇದ್ದವರು. ಅಂಥವರು ಗಟ್ಟಿ ದನಿಯಲ್ಲಿ ಹೌದು ಅಂದಮೇಲೆ ಮುಗಿಯಿತು. ನಿಮಗೆ ಕಲಿಸಿದರಲ್ಲ ಆ ಆತ್ಮವಿಶ್ವಾಸದ ದನಿ, ಅದೇ.

ವಿಮಾನಯಾನದವರು ಇದರಿಂದ ಕಲಿತರು. ಟೇಕಾಫ್ ಅನ್ನುವ ಪದವನ್ನು ಹಾರಲು ಅಪ್ಪಣೆ ಕೊಡುವಾಗ, ಇಲ್ಲವೇ ಆ ಅಪ್ಪಣೆ ರದ್ದು ಮಾಡುವಾಗ ಬಿಟ್ಟು ಬೇರೆಲ್ಲೂ ಬಳಸದ ಹಾಗೆ ಮಾಡಿದರು. ಸೂಚನೆಗೆ ಬರೀ ಓಕೆ ಅಂದರೆ ಸಾಲದು, ಅದನ್ನೇ ತಿರುಗಿ ಒಪ್ಪಿಸಬೇಕು ಎನ್ನುವುದನ್ನು ಬಿಗಿ ಮಾಡಿದರು. ಇನ್ನೂ ದೊಡ್ಡ ಬದಲಾವಣೆ ಎಂದರೆ, ಚಿಕ್ಕವರು ಬಾಯಿ ಬಿಡುವುದನ್ನೂ ದೊಡ್ಡವರು ಕಿವಿ ಕೊಡುವುದನ್ನೂ ಪೈಲಟ್‌ಗಳ ತರಬೇತಿಗೇ ಸೇರಿಸಿದರು. ಆಫೀಸುಗಳು ಇನ್ನೂ ಎಲ್ಲಿವೆ? ಅಲ್ಲಿ ‘ಆಯ್ತು’ ಕೂಡ ಹೋಗಿ ಈಗ ಹೆಬ್ಬೆರಳಿನ ಚಿತ್ರ ಬಂದಿದೆ. ನೋಡಿದೆ ಅಂತಲೋ, ಒಪ್ಪಿದೆ ಅಂತಲೋ, ಮಾಡಿ ಮುಗಿಸಿದೆ ಅಂತಲೋ, ಸಾಕು ಬಿಡಪ್ಪ ಅಂತಲೋ, ಯಾವ ಅರ್ಥ ಬೇಕಾದರೂ ಆರಿಸಿಕೊಳ್ಳಬಹುದು.

ನನ್ನ ಹುಡುಗನ ಕಥೆ ಮುಗಿದಿಲ್ಲ. ಬೈಸಿಕೊಂಡ ಮೇಲೆ ಆತ ತುಂಬಾ ಒಳ್ಳೆಯವನಾದ. ಕೇಳಿದ್ದಕ್ಕೆ ಉತ್ತರ, ಕೊಟ್ಟಷ್ಟು ಕೆಲಸ, ಒಂದು ತಕರಾರಿಲ್ಲ. ಪರವಾಗಿಲ್ಲ, ದಾರಿಗೆ ಬಂದ ಅಂದುಕೊಂಡೆ. ಎಂಟು ತಿಂಗಳ ಮೇಲೆ ಮುಖಪುಟದಲ್ಲಿ ಇಬ್ಬರ ಫೋಟೋಗಳ ಕೆಳಗಿನ ಹೆಸರು ಅದಲುಬದಲಾಗಿ ಅಚ್ಚಾಯಿತು. ಬೆಳಗ್ಗೆ ಫೋನ್ ಮೇಲೆ ಫೋನ್. ಪುಟವನ್ನು ಕೊನೆಗೆ ನೋಡಿದ್ದು ನಾನೇ. ಹಾಳು ಮುಖ ಹಾಕಿಕೊಂಡು ಕೂತಿದ್ದಾಗ ಆತ ಬಂದು ಮೆಲ್ಲಗೆ, ‘ನಾನು ರಾತ್ರಿನೇ ನೋಡಿದ್ದೆ ಸಾರ್’ ಅಂದ. ಯಾಕಪ್ಪಾ ಹೇಳಲಿಲ್ಲ ಅಂದರೆ, ‘ನಿಮ್ಮ ಪುಟ ಅಲ್ವಾ ಸಾರ್, ಸುಮ್ನೆ ಯಾಕೆ ಅಂತ.’ ಆ ಎಂಟು ತಿಂಗಳಲ್ಲಿ ಆತ ನೋಡಿಯೂ ಹೇಳದೆ ಬಿಟ್ಟದ್ದು ಇನ್ನೆಷ್ಟು ಇತ್ತೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಈಗ ನಿಮ್ಮನ್ನು ಸ್ವಲ್ಪ ಗದರಿಸಬೇಕು. ನೋಡಿ ತಾಯಿ, ನಾಲ್ಕು ಪುಟದಲ್ಲಿ ಮೂರೂ ಮುಕ್ಕಾಲು ಪುಟ ನಿಮ್ಮ ನಾಲಿಗೆಯ ಬಗ್ಗೆ ಇದೆ. ತಂಡದ ಬಗ್ಗೆ ಇರುವುದು ಒಂದೇ ಸಾಲು: ‘ದೂರು ಅಂತ ಯಾರೂ ನನ್ನ ಹತ್ತಿರ ಬರುವುದಿಲ್ಲ.’ ನೀವು ಅದನ್ನು ಸಮಾಧಾನದಿಂದ ಬರೆದಿದ್ದೀರಿ. ನನಗೆ ಪತ್ರದಲ್ಲಿ ಭಯ ಹುಟ್ಟಿಸಿದ್ದು ಅದೊಂದೇ ಸಾಲು. 14 ಜನ, ಮೂರು ತಿಂಗಳು, ಒಂದು ದೂರೂ ಇಲ್ಲ! ಒಂದೋ ನಿಮ್ಮದು ಭೂಮಿಯ ಮೇಲಿನ ಸ್ವರ್ಗ. ಇಲ್ಲವೇ ನಿಮ್ಮ ಬಾಗಿಲು ಅವರಿಗೆ ಗೋಡೆಯ ಹಾಗೆ ಕಾಣುತ್ತಿದೆ.

ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಭ್ಯಾಸ ಮಾಡಿದರು. ಹೊಂದಿಕೊಂಡು ಕೆಲಸ ಮಾಡುವ ತಂಡದಲ್ಲಿ ತಪ್ಪು ಕಡಿಮೆ ಇರಬಹುದು ಅಂತ ಅಂದಾಜಿಸಿದ್ದರು. ಲೆಕ್ಕ ಉಲ್ಟಾ ಬಂತು, ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ. ಕೆದಕಿ ನೋಡಿದಾಗ ಕಾರಣ ಸಿಕ್ಕಿತು. ಅವರು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು. ಹಾಗಾಗಿ ಪಕ್ಕದ ವಿಭಾಗದ ಚಪ್ಪಾಳೆಯನ್ನು ಎಣಿಸಬೇಡಿ. ಕಳೆದ ವಾರ ಕೆಟ್ಟ ಸುದ್ದಿ ಹೊತ್ತು ನಿಮ್ಮ ಹತ್ತಿರ ಎಷ್ಟು ಜನ ಬಂದರು ಅಂತ ಎಣಿಸಿ. ಬಂದವರಿಗೆ ಮೊದಲು ಏನಂದಿರಿ ಅಂತಲೂ ನೆನಪು ಮಾಡಿಕೊಳ್ಳಿ. ಅವರು ಕುರ್ಚಿಗೆ ವಾಪಸ್ ಹೋಗುವಷ್ಟರಲ್ಲಿ ಉಳಿದ 13 ಜನರಿಗೂ ಅದು ತಿಳಿದಿರುತ್ತದೆ.

ಕೇಳಿಸಿಕೊಳ್ಳುವುದು ಹೇಗೆ ಅಂತ ಕಲಿಯಲು ಕೋರ್ಸ್ ಬೇಕಾಗಿಲ್ಲ. ಶಿಕಾಗೊ ಹತ್ತಿರದ ಹಾಥಾರ್ನ್ ಕಾರ್ಖಾನೆಯವರು 1928ರಿಂದ 1930ರೊಳಗೆ ಸುಮಾರು 21,000 ಕೆಲಸಗಾರರನ್ನು ಕೂರಿಸಿಕೊಂಡು ಮಾತಾಡಿಸಿದರು. ಮೊದಲು ಕೈಯಲ್ಲಿ ಪ್ರಶ್ನೆಗಳ ಪಟ್ಟಿ ಇತ್ತು. ಕೆಲಸಗಾರರು ಪ್ರಶ್ನೆಯನ್ನು ಬದಿಗೆ ತಳ್ಳಿ ತಮಗೆ ಬೇಕಾದ್ದನ್ನೇ ಹೇಳತೊಡಗಿದರು. ಕೊನೆಗೆ ಪಟ್ಟಿ ಬಿಟ್ಟು, ನಡುವೆ ಬಾಯಿ ಹಾಕದೆ, ಬುದ್ಧಿ ಹೇಳದೆ ಕೂತು ಕೇಳುವುದೆಂದು ತೀರ್ಮಾನಿಸಿದರು. ಸುಮಾರು ಒಂದು ಶತಮಾನದ ಹಿಂದಿನ ಕಾರ್ಖಾನೆಗೆ ಹೊಳೆದದ್ದು ಇವತ್ತಿನ ಗಾಜಿನ ಕಟ್ಟಡಗಳಿಗೆ ಹೊಳೆಯುತ್ತಿಲ್ಲ. ಅಲ್ಲಿ ‘ನಿಮ್ಮ ಅಭಿಪ್ರಾಯ ನಮಗೆ ಮುಖ್ಯ’ ಅಂತ ಒಂದು ಫಾರ್ಮ್ ಬರುತ್ತದೆ, ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಮಗು ಅಳುತ್ತಿದ್ದರೆ ಐದಕ್ಕೆ ಎಷ್ಟು ಅಳು ಅಂತ ಕೇಳಿದ ಹಾಗೆ.

ಇನ್ನು ಸ್ಲೈಡುಗಳು. ಅಯ್ಯೋ, ಆ ಸ್ಲೈಡುಗಳು! 2003ರ ಫೆಬ್ರುವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳು ಜನ ತೀರಿಕೊಂಡರು. ಹಾರುವಾಗಲೇ ಫೋಮ್ ತುಂಡೊಂದು ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಮೇಲಿದ್ದಾಗಲೇ ಅದರ ಬಗ್ಗೆ ಎಂಜಿನಿಯರ್‌ಗಳು ಸ್ಲೈಡ್ ಮಾಡಿ ತೋರಿಸಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ ಧೈರ್ಯ ತುಂಬುವ ತಲೆಬರಹ. ಬಡಿದ ತುಂಡು, ಪರೀಕ್ಷೆಯಲ್ಲಿ ಬಳಸಿದ್ದ ತುಂಡಿಗಿಂತ 640 ಪಟ್ಟು ದೊಡ್ಡದು ಅನ್ನುವ ವಿಷಯ ಮಾತ್ರ ತಳದಲ್ಲಿ, ಚುಕ್ಕಿ ಇಟ್ಟ ಸಾಲಿನ ಕೆಳಗಿನ ಇನ್ನೊಂದು ಚುಕ್ಕಿ ಸಾಲಿನಲ್ಲಿ. ಅದೂ 1920 ಮತ್ತು 3 ಘನ ಇಂಚು ಅಂತ ಬರೆದಿತ್ತು, ಭಾಗಾಕಾರ ಓದುವವರ ಪಾಲಿಗೆ. ತನಿಖಾ ಮಂಡಳಿ ತನ್ನ ವರದಿಯಲ್ಲಿ ಈ ಸ್ಲೈಡ್ ಚಟವನ್ನೇ ಟೀಕಿಸಿತು. ಅಮೆಜಾನಿನ ಜೆಫ್ ಬೆಜೋಸ್ 2004ರಲ್ಲಿ ದೊಡ್ಡ ಮೀಟಿಂಗುಗಳಿಗೆ ಸ್ಲೈಡ್ ಬೇಡ ಅಂದುಬಿಟ್ಟರು. ವಿಷಯವನ್ನು ಪೂರ್ತಿ ವಾಕ್ಯಗಳಲ್ಲಿ ಬರೆದು ತರಬೇಕು, ಎಲ್ಲರೂ ಮೊದಲು ಕೂತು ಮೌನವಾಗಿ ಓದಬೇಕು. ಅವರ ಎಲ್ಲ ರೀತಿ ನನಗೆ ಹಿಡಿಸುವುದಿಲ್ಲ, ಇದು ಹಿಡಿಸಿತು. ನಿಮ್ಮಂಥವರಿಗೆ ಹೇಳಿ ಮಾಡಿಸಿದ ಮೀಟಿಂಗ್. ನಿಮ್ಮ ನಾಲ್ಕು ಪುಟ ನೋಡಿದ ಮೇಲೆ ಹೇಳುತ್ತಿದ್ದೇನೆ: ಎದ್ದು ನಿಲ್ಲುವ ಬದಲು ಒಂದು ಪುಟ ಬರೆದು ಹಂಚಿ. ಯಾರು, ಏನು, ಯಾವತ್ತಿನೊಳಗೆ ಅಂತ ಇರಲಿ. ಆಮೇಲೆ ‘ಅರ್ಥ ಆಯ್ತಾ’ ಅಂತ ಮಾತ್ರ ಕೇಳಬೇಡಿ, ಉತ್ತರ ಏನು ಬರುತ್ತದೆ ಅಂತ ಈಗ ಗೊತ್ತಲ್ಲ. ‘ಮೊದಲು ಏನು ಮಾಡ್ತೀರಿ?’ ಅಂತ ಕೇಳಿ.

ತಪ್ಪು ನಿಮ್ಮೊಬ್ಬರದೇ ಅಲ್ಲ. ಶಾಲೆಯಲ್ಲಿ ಭಾಷಣ ಸ್ಪರ್ಧೆ ಇರುತ್ತದೆ, ಚರ್ಚಾ ಸ್ಪರ್ಧೆ ಇರುತ್ತದೆ. ಇನ್ನೊಬ್ಬರು ಹೇಳಿದ್ದನ್ನು ಕೇಳಿ ಸರಿಯಾಗಿ ತಿರುಗಿ ಹೇಳಿದ ಮಗುವಿಗೆ ಬಹುಮಾನ ಅಂತ ಒಂದು ಲೋಟ ಕೊಟ್ಟದ್ದನ್ನು ನೋಡಿದ್ದೀರಾ? ಟಿವಿ ಹಾಕಿದರೆ ಆರು ಕಿಟಕಿಯಲ್ಲಿ ಆರು ಮುಖ, ಆರೂ ಒಟ್ಟಿಗೆ. ಡಾಕ್ಟರ ಹತ್ತಿರ ಹೋದರೆ ನಮ್ಮ ನೋವು ಹೇಳಿ ಮುಗಿಸುವ ಮೊದಲೇ ಅವರ ಬೆರಳು ಕೀಲಿಮಣೆ ಮೇಲೆ. ಕೆಲಸದ ಜಾಹೀರಾತಿನಲ್ಲಿ ‘ಉತ್ತಮ ಸಂವಹನ ಕೌಶಲ ಇರಬೇಕು’ ಅಂತ ಹಾಕುತ್ತಾರೆ. ಸಂದರ್ಶನಕ್ಕೆ ಹೋದರೆ ಅಭ್ಯರ್ಥಿ ಎಷ್ಟು ಮಾತಾಡುತ್ತಾರೆ ಅಂತ ನೋಡುತ್ತಾರೆ, ಎಷ್ಟು ಕೇಳಿಸಿಕೊಳ್ಳುತ್ತಾರೆ ಅಂತ ನೋಡಿದ ಒಬ್ಬ ಪುಣ್ಯಾತ್ಮರನ್ನೂ ನಾನು ಕಂಡಿಲ್ಲ. ಹಾಗೆ ಆರಿಸಿದವರೇ ಮೇಲೇರಿ ಮುಂದಿನವರನ್ನು ಆರಿಸುತ್ತಾರೆ. ಆಮೇಲೆ ಎಲ್ಲರನ್ನೂ ಎರಡು ದಿನದ ತರಬೇತಿಗೆ ಕಳಿಸುತ್ತಾರೆ.

ಕೋರ್ಸ್ ವಿಷಯ ಕೇಳಿದ್ದಿರಿ. ಬೇಡ. ಆ ಶುಲ್ಕ ಉಳಿಸಿ. ಮೂರು ತಿಂಗಳ ನಂತರ ಇನ್ನೊಂದು ಪತ್ರ ಬರೆಯಿರಿ, ಈ ಸಲ ಆ 14 ಜನರ ಬಗ್ಗೆ.

ಅಂದ ಹಾಗೆ, ಈ ಉತ್ತರವನ್ನು ಅಚ್ಚಿಗೆ ಕಳಿಸುವ ಮೊದಲು ನಮ್ಮಲ್ಲಿ ಹೊಸದಾಗಿ ಸೇರಿದ ಉಪಸಂಪಾದಕಿಗೆ ಓದಲು ಕೊಟ್ಟೆ. ಎರಡು ಪ್ಯಾರಾಗಳ ಪಕ್ಕ ಪೆನ್ಸಿಲ್‌ನಲ್ಲಿ ‘ಸಾರ್, ಇಲ್ಲಿ ನೀವು ಭಾಷಣ ಮಾಡಿದ್ದೀರಿ’ ಅಂತ ಬರೆದು ವಾಪಸ್ ಕೊಟ್ಟರು. ಒಂದನ್ನು ಹೊಡೆದು ಹಾಕಿದ್ದೇನೆ. ಇನ್ನೊಂದನ್ನು ಹಟ ಮಾಡಿ ಉಳಿಸಿಕೊಂಡೆ. ಯಾವುದು ಅಂತ ನಿಮಗೆ ಗೊತ್ತಾಗಿರುತ್ತದೆ.