ನ್ಯೂಮನ್ ಅವರನ್ನು 1845ರಲ್ಲಿ ಎರಡು ತುಂಡು ಮಾಡಬೇಡಿ

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ವಿಕ್ಟೋರಿಯನ್ ಧಾರ್ಮಿಕ ಗದ್ಯದಲ್ಲಿ ಕ್ಯಾಥೊಲಿಕ್ ಅನುಭಾವ ಅಂತ ಪಿಎಚ್‌ಡಿ ವಿಷಯ, ನ್ಯೂಮನ್ ತಗೊಳ್ಳಲಾ ಫೇಬರ್ ತಗೊಳ್ಳಲಾ, ಮತಾಂತರಕ್ಕೆ ಮೊದಲು ಮತ್ತು ಆಮೇಲೆ ಅಂತ ಎರಡು ಭಾಗ ಮಾಡಿದರೆ ಆಗುತ್ತಾ ಅಂತ ಕೇಳಿದ್ದೀರಿ. ಇಬ್ಬರೂ 19ನೇ ಶತಮಾನದ ಇಂಗ್ಲಿಷ್ ಪಾದ್ರಿಗಳು, ಆಂಗ್ಲಿಕನ್ ಸಭೆ, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚ್, ಬಿಟ್ಟು ಕ್ಯಾಥೊಲಿಕ್ ಆದವರು. ಅದೇ 'ಮೊದಲು ಮತ್ತು ಆಮೇಲೆ' ನನ್ನ ಎಂಫಿಲ್‌ನ ಒಂದು ಇಡೀ ವರ್ಷ ತಿಂದುಹಾಕಿತು.

ಶಾಲೆಯಲ್ಲಿ ಬೆಳಿಗ್ಗೆ ಪ್ರಾರ್ಥನೆಗೆ 'ಕರುಣಾಳು ಬಾ ಬೆಳಕೆ' ಹಾಡುತ್ತಿದ್ದೆವು. ಅದು ಬಿ.ಎಂ.ಶ್ರೀ. ಕನ್ನಡಕ್ಕೆ ತಂದ ಹಾಡು, ಮೂಲ ಜಾನ್ ಹೆನ್ರಿ ನ್ಯೂಮನ್ ಅವರದು ಅಂತ ಗೊತ್ತಾಗಿದ್ದು ಎಂಎ ಓದುವಾಗ. ಆಮೇಲೆ ನ್ಯೂಮನ್ ನನ್ನನ್ನು ಬಿಡಲಿಲ್ಲ. 1845ರ ಅಕ್ಟೋಬರ್‌ನ ಆ ರಾತ್ರಿಯ ಕಥೆ ಓದಿ ಕಣ್ಣು ತುಂಬಿತ್ತು. ಡೊಮಿನಿಕ್ ಬಾರ್ಬೆರಿ ಎಂಬ ಇಟಲಿಯ ಪಾದ್ರಿ ಮಳೆಯಲ್ಲಿ ತೊಯ್ದು ಆಕ್ಸ್‌ಫರ್ಡ್ ಹತ್ತಿರ ನ್ಯೂಮನ್ ಇದ್ದ ಲಿಟಲ್‌ಮೋರ್‌ಗೆ ಬರುತ್ತಾರೆ. ಬೆಂಕಿ ಮುಂದೆ ಬಟ್ಟೆ ಆರಿಸಿಕೊಳ್ಳುತ್ತಿರುವಾಗ ನ್ಯೂಮನ್ ಬಂದು ಅವರ ಕಾಲಿಗೆ ಬೀಳುತ್ತಾರೆ. ಮರುದಿನ, 9ನೇ ತಾರೀಕು, ಕ್ಯಾಥೊಲಿಕ್ ಸಭೆಗೆ ಸೇರುತ್ತಾರೆ. ಆ ರಾತ್ರಿಗಿಂತ ಮೊದಲು ಬರೆದಿದ್ದೆಲ್ಲ ವಾದ, ಆಮೇಲೆ ಬರೆದಿದ್ದೆಲ್ಲ ಅನುಭಾವ. ಹಾಗಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಯಾವ ಪುಸ್ತಕವೂ ಹಾಗೆ ಹೇಳಿರಲಿಲ್ಲ.

ಇನ್ನು ನನ್ನ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನೀವೂ ಇದೇ ಜಾಗದಲ್ಲಿ ಎಡವುತ್ತೀರಿ ಅನ್ನೋ ಭಯ ನನಗಿದೆ. 'ಪರೋಕಿಯಲ್ ಅಂಡ್ ಪ್ಲೇನ್ ಸರ್ಮನ್ಸ್' ಅಂತ ನ್ಯೂಮನ್ ಅವರ ಪ್ರವಚನಗಳ 8 ಸಂಪುಟಗಳಿವೆ. ನನಗೆ ಬೇಕಾಗಿದ್ದು 4ನೇ ಸಂಪುಟದ 13ನೇ ಪ್ರವಚನ, ಕಾಣದ ಲೋಕದ ಬಗ್ಗೆ. ಅದೊಂದೇ ಸಂಪುಟ ಜೆರಾಕ್ಸ್ ಮಾಡಿಸಿದೆ. ಮೊದಲ ಪುಟದಲ್ಲಿ 1868 ಅಂತಿತ್ತು. 1868ಕ್ಕೆ ನ್ಯೂಮನ್ ಕ್ಯಾಥೊಲಿಕ್ ಆಗಿ 23 ವರ್ಷ. ಹಾಗಾಗಿ ಇದು ಕ್ಯಾಥೊಲಿಕ್ ಪ್ರವಚನ ಅಂತ ಬರೆದುಕೊಂಡೆ. ಆದರೆ 1868 ಮರುಮುದ್ರಣದ ವರ್ಷ! ಆ 8 ಸಂಪುಟಗಳಲ್ಲಿರುವುದೆಲ್ಲ ಅವರು ಆಂಗ್ಲಿಕನ್ ಪಾದ್ರಿ ಆಗಿದ್ದಾಗಿನ ಪ್ರವಚನಗಳು. ಒಂದೂ 1843ರ ಈಚಿನದಲ್ಲ. ಸಂಪಾದಕರು ಕೋಪ್‌ಲ್ಯಾಂಡ್ ಅಂತ ಪುಟದಲ್ಲೇ ಇತ್ತು. ಕೋಪ್‌ಲ್ಯಾಂಡ್ ಕೊನೆಯವರೆಗೂ ಆಂಗ್ಲಿಕನ್ ಆಗಿಯೇ ಉಳಿದ ಹಳೆಯ ಗೆಳೆಯ. ಕ್ಯಾಥೊಲಿಕ್ ಪಾದ್ರಿಯೊಬ್ಬರ ಪ್ರವಚನಗಳನ್ನು ಆಂಗ್ಲಿಕನ್ ಪಾದ್ರಿ ಯಾಕೆ ಸಂಪಾದಿಸುತ್ತಾರೆ? ಈ ಒಂದು ಪ್ರಶ್ನೆ ಕೇಳಿಕೊಂಡಿದ್ದರೆ ಸಾಕಿತ್ತು. ಕೋಪ್‌ಲ್ಯಾಂಡ್ ಬರೆದ ಮುನ್ನುಡಿ 1ನೇ ಸಂಪುಟದಲ್ಲಿದೆ. ನಾನು ಅದನ್ನು ತೆರೆದೇ ಇರಲಿಲ್ಲ.

ಶಾಲೆಯಲ್ಲಿ ಹಾಡಿದ ಹಾಡೂ ನನ್ನನ್ನು ಎಚ್ಚರಿಸಬೇಕಿತ್ತು. ನ್ಯೂಮನ್ ಅದನ್ನು ಬರೆದಿದ್ದು 1833ರಲ್ಲಿ. ಸಿಸಿಲಿಯಲ್ಲಿ ಜ್ವರ ಬಂದು ಸಾವಿನ ಬಾಗಿಲಿಗೆ ಹೋಗಿ ಬಂದು, ಕಿತ್ತಳೆ ಹಣ್ಣು ಸಾಗಿಸುವ ಹಡಗಿನಲ್ಲಿ ಊರಿಗೆ ಹೊರಟಿದ್ದರು. ಬೊನಿಫಾಸಿಯೊ ಜಲಸಂಧಿಯಲ್ಲಿ ಗಾಳಿಯಿಲ್ಲದೆ ಹಡಗು ಒಂದು ವಾರ ನಿಂತುಬಿಟ್ಟಿತು. ಹಾಡು ಹುಟ್ಟಿದ್ದು ಅಲ್ಲಿ, ಮತಾಂತರಕ್ಕೆ 12 ವರ್ಷ ಮೊದಲು.

ಆ ಒಂದು ಪ್ರವಚನದ ಮೇಲೆ 40 ಪುಟ ಬರೆದೆ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು, "ಇದನ್ನು ಎಲ್ಲಿ ಹೇಳಿದ್ದು?" "ಬರ್ಮಿಂಗ್‌ಹ್ಯಾಮ್" ಅಂದೆ, ಕ್ಯಾಥೊಲಿಕ್ ಆದ ಮೇಲೆ ನ್ಯೂಮನ್ ಇದ್ದ ಊರು. "ಆಕ್ಸ್‌ಫರ್ಡ್. 1837," ಅಂದರು ಮೆಲ್ಲಗೆ. ಫೆಲೋಶಿಪ್ ಅವಧಿ ಮುಗಿದಿತ್ತು. ಟ್ಯೂಷನ್ ಹೇಳಿಕೊಂಡು ಒಂದು ವರ್ಷ ಮತ್ತೆ ಬರೆದೆ.

ಆದರೆ ಮತ್ತೆ ಓದಿದಾಗ ಸಿಕ್ಕಿದ್ದು ಮಾತ್ರ ಬೇರೆಯೇ ನ್ಯೂಮನ್. ಆ ಪ್ರವಚನದಲ್ಲಿ ಮೈಮರೆಯುವ ದರ್ಶನ ಒಂದೂ ಇಲ್ಲ. ಚಳಿಗಾಲದಲ್ಲಿ ಬೋಳಾಗಿ ನಿಂತ ಮರಗಳನ್ನು ನೋಡಿದವರು ಎರಡು ಮೂರು ತಿಂಗಳಲ್ಲಿ ಇಷ್ಟು ಹಸಿರು ಉಕ್ಕುತ್ತದೆ ಅಂತ ನಂಬುತ್ತಿದ್ದರಾ ಅಂತ ಕೇಳುತ್ತಾರೆ. ಹಾಗೆಯೇ ಕಾಣದ ಲೋಕ ಇದರೊಳಗೇ ಅಡಗಿ ಕಾಯುತ್ತಿದೆ ಅನ್ನುತ್ತಾರೆ. ನಮ್ಮ ಸುತ್ತ ಓಡಾಡುವ ಪ್ರಾಣಿಗಳ ಒಳಗೇನಿದೆ ಅಂತಲೇ ನಮಗೆ ಗೊತ್ತಿಲ್ಲ, ಮತ್ತೆ ಕಾಣದ್ದು ಇಲ್ಲ ಅಂತ ಹೇಗೆ ಹೇಳುತ್ತೀರಿ ಅನ್ನುತ್ತಾರೆ. ನನ್ನ ಮಟ್ಟಿಗೆ ವಿಕ್ಟೋರಿಯನ್ ಅನುಭಾವ ಇದೇ. ಸದ್ದಿಲ್ಲದ್ದು, ದಿನದಿನದ್ದು. ಇದಕ್ಕೆ ಹೋಲಿಸಿದರೆ ಮತಾಂತರದ ನಂತರ, 1849ರಲ್ಲಿ ಬಂದ 'ಮಿಕ್ಸ್ಡ್ ಕಾಂಗ್ರಿಗೇಷನ್ಸ್' ಪ್ರವಚನಗಳಲ್ಲಿ ಬಣ್ಣ ಜಾಸ್ತಿ, ದನಿ ಜೋರು. ನನ್ನ ವಾದ ಪೂರ್ತಿ ತಿರುಗುಮುರುಗಾಗಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಆ ಗದ್ಯದ ಅನುಭಾವ ರೋಮ್‌ನಿಂದ, ಅಂದರೆ ಕ್ಯಾಥೊಲಿಕ್ ಸಭೆಯಿಂದ, ಬಂದಿದ್ದಲ್ಲ. ಲೋಕವೇ ಕಾಣದ್ದರ ಗುರುತು ಅನ್ನೋ ನೋಟವನ್ನು ಕ್ರೈಸ್ತ ಧರ್ಮದ ಮೊದಲ ಶತಮಾನಗಳ ಗುರುಗಳಾದ ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್, ಆರಿಜೆನ್ ಅವರಲ್ಲಿ ಕಂಡೆ ಅಂತ ನ್ಯೂಮನ್ ಅವರೇ 1864ರ ಆತ್ಮಕಥೆ 'ಅಪೊಲೊಜಿಯಾ'ದಲ್ಲಿ ಹೇಳುತ್ತಾರೆ. ಆ ಹಿರಿಯರ ಅನುಭಾವದ ಪರವಾಗಿ ಆಕ್ಸ್‌ಫರ್ಡ್ ಚಳವಳಿಯ (ಆಂಗ್ಲಿಕನ್ ಸಭೆಯನ್ನು ಹಳೆಯ ಕ್ರೈಸ್ತ ಪರಂಪರೆಗೆ ಮರಳಿಸಲು ನ್ಯೂಮನ್ ಮತ್ತು ಗೆಳೆಯರು ನಡೆಸಿದ್ದು) 89ನೇ ಟ್ರ್ಯಾಕ್ಟ್, ಅಂದರೆ ಪ್ರಚಾರ ಹೊತ್ತಿಗೆ, ಬರೆದ ಜಾನ್ ಕೀಬಲ್ ಕೊನೆಯವರೆಗೂ ಆಂಗ್ಲಿಕನ್. ಅವರನ್ನು ಹೊರಗಿಟ್ಟು ಥೀಸಿಸ್ ಹೇಗೆ ಬರೆಯುತ್ತೀರಿ?

ಫೇಬರ್ ಈಗ ಬೇಡ. 1853ರ 'ಆಲ್ ಫಾರ್ ಜೀಸಸ್' ಓದಿ, ಅದರ ಭಕ್ತಿಯ ಬಿಸಿ ಅನುಭವಿಸಿ, ಪಕ್ಕಕ್ಕಿಡಿ. ಫೇಬರ್ ಅವರ ಇಟಲಿ ಶೈಲಿಯ ಆ ಉಕ್ಕುವ ಭಕ್ತಿಯಿಂದ ಶುರು ಮಾಡಿದರೆ ನ್ಯೂಮನ್ ಅವರ ಮೆಲುದನಿ ನಿಮ್ಮ ಕಿವಿಗೆ ಬೀಳುವುದೇ ಇಲ್ಲ.

ಬರ್ಮಿಂಗ್‌ಹ್ಯಾಮ್‌ನಲ್ಲಿ 1890ರಲ್ಲಿ ತೀರಿಕೊಂಡಾಗ ಅವರ ಸ್ಮಾರಕಕ್ಕೆ ಅವರೇ ಆರಿಸಿಟ್ಟಿದ್ದ ಲ್ಯಾಟಿನ್ ಮಾತು ಹಾಕಿದರು: ನೆರಳುಗಳಿಂದ, ಚಿತ್ರಗಳಿಂದ ಸತ್ಯದ ಕಡೆಗೆ. 1837ರ ಆ ಪ್ರವಚನದ ಪಕ್ಕ ಇದನ್ನಿಟ್ಟು ಓದಿ ನೋಡಿ. 53 ವರ್ಷ, ಒಂದೇ ಮಾತು ಅಲ್ವಾ?

ಶೀರ್ಷಿಕೆ ಇನ್ನೂ ರಿಜಿಸ್ಟರ್ ಆಗಿಲ್ಲ ಅಂದಿದ್ದೀರಿ. ಈ ವಾರವೇ ಗೈಡ್ ಹತ್ತಿರ ಹೋಗಿ 'ಕ್ಯಾಥೊಲಿಕ್' ಅನ್ನೋ ಪದ ತೆಗೆಸಿ. ಓದುವ ಪ್ರತಿ ಪ್ರವಚನದ ತಲೆಯ ಮೇಲೆ ಅದನ್ನು ಹೇಳಿದ ವರ್ಷವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಅಚ್ಚಾದ ವರ್ಷವನ್ನಲ್ಲ. 1ನೇ ಸಂಪುಟದ ಮುನ್ನುಡಿಯಿಂದ ಶುರು ಮಾಡಿ.