ಡಿಜೆ ಆಗಿದ್ದವರು ಸಿನಿಮಾ ಸಂಗೀತಕ್ಕೆ ಹೋಗಬಹುದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹಾಸನ, ಚಿಕ್ಕಮಗಳೂರು ಕಡೆಯವೇ ಜಾಸ್ತಿ. ಎಲೆಕ್ಟ್ರಾನಿಕ್ ಸಂಗೀತ ಮಾಡುವವರು ಸಿನಿಮಾಕ್ಕೆ ಸಂಗೀತ ಕೊಡುವ ಮಟ್ಟಕ್ಕೆ ಹೋಗೋದು ಹೇಗೆ ಅಂತ ಹಲವರು ಕೇಳಿದ್ದಾರೆ. ಅವನ್ನೇ ಆರಿಸಿಕೊಂಡಿದ್ದೇನೆ. ಮೊದಲ ಉತ್ತರ ಸ್ವಲ್ಪ ಉದ್ದ ಆಗಿದೆ.

ಪ್ರಶ್ನೆ: ನನಗೆ 33 ವರ್ಷ. ಹಗಲು ಮೊಬೈಲ್ ಅಂಗಡಿ, ಸಂಜೆ ಮದುವೆ, ಗಣೇಶನ ಹಬ್ಬಕ್ಕೆ ಡಿಜೆ. ಲ್ಯಾಪ್‌ಟಾಪ್‌ನಲ್ಲಿ ಸ್ವಂತ ಟ್ರ್ಯಾಕ್ ಕೂಡ ಮಾಡುತ್ತೇನೆ. ಜಂಕಿ ಎಕ್ಸ್‌ಎಲ್ ಅನ್ನುವವರು ಡಿಜೆ ಆಗಿದ್ದು ಹಾಲಿವುಡ್ ಸಂಗೀತ ನಿರ್ದೇಶಕರಾದರಂತೆ. ಹೇಗೆ ಆದರು? ನನಗೆ ವಯಸ್ಸು ಮೀರಿತಾ? (ಓದುಗರು, ಹಾಸನ)

ಉತ್ತರ: ವಯಸ್ಸಿನ ಮಾತು ಮೊದಲು ಮುಗಿಸೋಣ. ಜಂಕಿ ಎಕ್ಸ್‌ಎಲ್ ಅವರ ನಿಜವಾದ ಹೆಸರು ಟಾಮ್ ಹೋಲ್ಕನ್‌ಬೋರ್ಗ್. ನೆದರ್‌ಲ್ಯಾಂಡ್ಸ್‌ನವರು, ಹುಟ್ಟಿದ್ದು 1967ರಲ್ಲಿ. ಸಿನಿಮಾ ಸಂಗೀತದಲ್ಲಿ ಅವರ ಹೆಸರು ಗಟ್ಟಿಯಾಗಿ ಕೇಳಿಬಂದದ್ದು 2015ರಲ್ಲಿ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಬಂದ ಮೇಲೆ. ಆಗ ಅವರಿಗೆ 47 ವರ್ಷ. ನಿಮಗಿನ್ನೂ 33. ಈ ಚಿಂತೆ ಬಿಟ್ಟುಬಿಡಿ.

ಹೇಗೆ ಹೋದರು ಅನ್ನೋದೇ ಮುಖ್ಯ. ಅವರೇನು ರಾತ್ರೋರಾತ್ರಿ ಹಾಲಿವುಡ್ ಸೇರಿದವರಲ್ಲ. ತಾಯಿ ಸಂಗೀತ ಟೀಚರ್. ಚಿಕ್ಕಂದಿನಿಂದಲೇ ಪಿಯಾನೊ, ಡ್ರಮ್, ಗಿಟಾರ್ ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ಕಲಿತರು, ವಾದ್ಯ ಮಾರುವ ಅಂಗಡಿಯಲ್ಲಿ ಕೆಲಸ ಮಾಡಿದರು, ಬ್ಯಾಂಡ್‌ಗಳಲ್ಲಿ ನುಡಿಸಿದರು. ಜಂಕಿ ಎಕ್ಸ್‌ಎಲ್ ಹೆಸರಿನ ಮೊದಲ ಆಲ್ಬಮ್ ಬಂದದ್ದು 1997ರಲ್ಲಿ. 2002ರಲ್ಲಿ ಎಲ್ವಿಸ್ ಪ್ರೆಸ್ಲಿಯ ಹಳೆಯ ಹಾಡು 'ಎ ಲಿಟಲ್ ಲೆಸ್ ಕಾನ್ವರ್ಸೇಶನ್' ಅನ್ನು ರೀಮಿಕ್ಸ್ ಮಾಡಿದರು. ಫುಟ್‌ಬಾಲ್ ವಿಶ್ವಕಪ್ ಸಮಯದ ನೈಕಿ ಜಾಹೀರಾತಿನಲ್ಲಿ ಅದು ಬಂತು. ಬ್ರಿಟನ್ ಸೇರಿ ಹಲವು ದೇಶಗಳಲ್ಲಿ ಮೊದಲ ಸ್ಥಾನಕ್ಕೆ ಏರಿತು.

ಅಂಥ ಹಾಡು ಒಂದಿದ್ದರೆ ಜೀವನಪೂರ್ತಿ ಸ್ಟೇಜ್ ಮೇಲೇ ಇರಬಹುದು, ಅಲ್ವಾ? ಅವರು ಹಾಗೆ ಮಾಡಲಿಲ್ಲ. ಲಾಸ್ ಏಂಜಲಿಸ್‌ಗೆ ಮನೆ ಬದಲಿಸಿದರು. ವಿಡಿಯೊ ಗೇಮ್‌ಗಳಿಗೆ, ಜಾಹೀರಾತುಗಳಿಗೆ, ಸಣ್ಣಪುಟ್ಟ ಚಿತ್ರಗಳಿಗೆ ಸಂಗೀತ ಮಾಡಿದರು. ಆಮೇಲೆ ಹಾಲಿವುಡ್‌ನ ಹೆಸರಾಂತ ಸಂಗೀತ ನಿರ್ದೇಶಕ ಹ್ಯಾನ್ಸ್ ಜಿಮ್ಮರ್ ಅವರ ತಂಡ ಸೇರಿದರು. 2012ರ 'ದಿ ಡಾರ್ಕ್ ನೈಟ್ ರೈಸಸ್', 2013ರ 'ಮ್ಯಾನ್ ಆಫ್ ಸ್ಟೀಲ್' ಎರಡರಲ್ಲೂ ಮುಖ್ಯ ಹೆಸರು ಜಿಮ್ಮರ್ ಅವರದು, ಇವರದು ಜೊತೆಗಾರನ ಕೆಲಸ. ಲೋಕವೇ ಕುಣಿದ ಹಾಡು ಮಾಡಿದ ಮನುಷ್ಯ, ನಲವತ್ತು ದಾಟಿದ ಮೇಲೆ, ಇನ್ನೊಬ್ಬರ ಸ್ಟುಡಿಯೊದಲ್ಲಿ ಕೂತು ಕೆಲಸ ಕಲಿತರು. ಅವರ ಇಡೀ ಬದುಕಿನಲ್ಲಿ ನನಗೆ ದೊಡ್ಡದಾಗಿ ಕಾಣೋದು ಇದೇ. ರೀಮಿಕ್ಸ್ ಗೆದ್ದದ್ದಕ್ಕಿಂತ ಇದು ದೊಡ್ಡದು.

ಜಿಮ್ಮರ್ ಬಂದ ದಾರಿಯೂ ಇದೇ. ಸಿಂಥಸೈಜರ್ (ಸದ್ದನ್ನು ವಿದ್ಯುತ್ತಿನಿಂದ ಹುಟ್ಟಿಸುವ ಕೀಬೋರ್ಡ್) ನುಡಿಸುತ್ತಾ ಪಾಪ್ ಬ್ಯಾಂಡ್‌ಗಳ ಜೊತೆ ಇದ್ದವರು, ಲಂಡನ್‌ನಲ್ಲಿ ಸ್ಟ್ಯಾನ್ಲಿ ಮೈಯರ್ಸ್ ಅನ್ನುವ ಹಿರಿಯ ಸಂಯೋಜಕರ ಹತ್ತಿರ ಸಹಾಯಕರಾಗಿ ಪಳಗಿದರು. ನಮ್ಮ ಎ.ಆರ್. ರೆಹಮಾನ್ ಕೂಡ ಹುಡುಗನಾಗಿದ್ದಾಗಲೇ ಇಳಯರಾಜ ಮುಂತಾದವರಿಗೆ ಕೀಬೋರ್ಡ್ ನುಡಿಸಿದರು, ಜಾಹೀರಾತಿನ ಜಿಂಗಲ್ ಮಾಡಿದರು, ಮನೆಯಲ್ಲೇ ಸ್ಟುಡಿಯೊ ಕಟ್ಟಿಕೊಂಡರು. 'ರೋಜಾ' ಬಂದದ್ದು ಆಮೇಲೆ, 1992ರಲ್ಲಿ. ಗಾಂಧಿನಗರದಲ್ಲೂ ಬಾಗಿಲು ಇದೇ: ಒಬ್ಬ ಸಂಗೀತ ನಿರ್ದೇಶಕರ ಹತ್ತಿರ ಕೀಬೋರ್ಡ್ ಪ್ರೋಗ್ರಾಮರ್ (ಕಂಪ್ಯೂಟರ್‌ನಲ್ಲಿ ಸದ್ದು, ತಾಳ ಜೋಡಿಸಿಕೊಡುವವರು) ಆಗಿ ಸೇರೋದು, ರೀರೆಕಾರ್ಡಿಂಗ್, ಅಂದರೆ ಚಿತ್ರಕ್ಕೆ ಹಿನ್ನೆಲೆ ಸಂಗೀತ ಕೂಡಿಸೋದು, ನಡೆಯುವಾಗ ಹಿಂದೆ ಕೂತು ನೋಡೋದು, ಸಣ್ಣ ಬಿಟ್ ಕೊಟ್ಟರೆ ಅದನ್ನೇ ಜೀವ ಕೊಟ್ಟು ಮಾಡೋದು.

ಅಲ್ಲಿ ಕಲಿಯೋದು ಏನು ಅಂತ ಕೇಳಬಹುದು. ಡಿಜೆ ಮಾಡುವಾಗ ಜನ ನಿಮ್ಮ ಬೀಟಿನ ಹಿಂದೆ ಬರುತ್ತಾರೆ. ಸಿನಿಮಾದಲ್ಲಿ ನೀವು ಚಿತ್ರದ ಹಿಂದೆ ಹೋಗಬೇಕು. ಹೇಳೋದು ಸುಲಭ, ಕೈಗೆ ಹತ್ತೋದು ಕಷ್ಟ. ಒಂದು ಲೆಕ್ಕ ನೋಡಿ. ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮ್. ನಿಮ್ಮ ಟ್ರ್ಯಾಕ್ 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಇದ್ದರೆ ಒಂದು ಬೀಟ್‌ಗೆ ಸರಿಯಾಗಿ 12 ಫ್ರೇಮ್. 90 ಬಿಪಿಎಂ ಆದರೆ 16 ಫ್ರೇಮ್. ಈಗ ಬಾಗಿಲು ದಡ್ ಅಂತ ಮುಚ್ಚುವುದು ಬೀಟಿನಿಂದ ಐದು ಫ್ರೇಮ್ ಆಚೆ ಇದೆ ಅನ್ನಿ. ಟೆಂಪೊ ಚೂರು ಬದಲಿಸಬೇಕಾ, ಒಂದು ಬೀಟ್ ಕಳೆಯಬೇಕಾ, ಅಥವಾ ಆ ಸದ್ದನ್ನು ಅದರ ಪಾಡಿಗೆ ಬಿಟ್ಟು ಸುಮ್ನೆ ಮುಂದೆ ಹೋಗಬೇಕಾ? ಇದನ್ನು ತೀರ್ಮಾನಿಸೋದೇ ನಿಮ್ಮ ಕೆಲಸ. ಎಲ್ಲ ಸರಿಮಾಡಿ ಕಳಿಸಿದ ಮೇಲೆ ಎಡಿಟರ್ ಆ ದೃಶ್ಯದಲ್ಲಿ ಎರಡು ಸೆಕೆಂಡ್ ಕತ್ತರಿಸಿರುತ್ತಾರೆ, ಮತ್ತೆ ಮೊದಲಿಂದ ಶುರು.

ಇನ್ನೊಂದು ವಿಷಯ, ನಟರ ಮಾತು. ಮನುಷ್ಯರ ಮಾತು ಸ್ಪಷ್ಟವಾಗಿ ತಿಳಿಯಲು ಬೇಕಾದದ್ದು ಹೆಚ್ಚಾಗಿ 1,000ದಿಂದ 4,000 ಹರ್ಟ್ಸ್ ನಡುವೆ ಇರುತ್ತದೆ. ಡಾನ್ಸ್ ಟ್ರ್ಯಾಕಿನಲ್ಲಿ ಮುಖ್ಯ ರಾಗ ನುಡಿಸುವ ಸಿಂಥಸೈಜರ್ (ಲೀಡ್ ಸಿಂಥ್) ಮಿನುಗೋದೂ ಅಲ್ಲೇ. ಹಾಗಾಗಿ ನಟರು ಮಾತಾಡುವಾಗ ನಿಮ್ಮ ಇಷ್ಟದ ಸ್ವರವನ್ನೇ ಇಳಿಸಬೇಕು, ಕೆಲವು ಸಲ ಪೂರ್ತಿ ತೆಗೆಯಬೇಕು. ಇದು ಮನಸ್ಸಿಗೆ ಒಪ್ಪಿದರೆ ಮಾತ್ರ ಈ ಕಡೆ ಬನ್ನಿ. ಒಪ್ಪದಿದ್ದರೆ ತಪ್ಪೇನೂ ಇಲ್ಲ, ಸ್ಟೇಜ್ ಕೂಡ ಒಳ್ಳೆಯ ಜಾಗವೇ.

ಆದರೆ ನೀವು ಬರಿಗೈಯಲ್ಲಿ ಹೋಗುತ್ತಿಲ್ಲ. ಒಂದು ಸದ್ದನ್ನು ಸೊನ್ನೆಯಿಂದ ಕಟ್ಟೋದು, ಜನ ಯಾವಾಗ ಉಸಿರು ಹಿಡಿಯುತ್ತಾರೆ ಅಂತ ಗೊತ್ತಿರೋದು, ಬೇಗ ಕೆಲಸ ಮುಗಿಸೋದು, ಇವೆಲ್ಲ ಡಿಜೆಗೆ ಬಂದಿರುತ್ತದೆ. 'ಫ್ಯೂರಿ ರೋಡ್' ಕೇಳಿ. ಡ್ರಮ್, ತಂತಿವಾದ್ಯ, ಸಿಂಥ್ ಒಂದರ ಮೇಲೊಂದು ನುಗ್ಗುವ ರೀತಿಯಲ್ಲಿ ಡಾನ್ಸ್ ಫ್ಲೋರ್‌ನಲ್ಲಿ ಪಳಗಿದ ಕೈ ಗೊತ್ತಾಗುತ್ತದೆ.

ಮುಂದೆ ಪೆಟ್ಟೂ ಬೀಳುತ್ತದೆ, ತಿಳಿದಿರಲಿ. 2017ರ 'ಜಸ್ಟಿಸ್ ಲೀಗ್' ಚಿತ್ರಕ್ಕೆ ಹೋಲ್ಕನ್‌ಬೋರ್ಗ್ ಅವರೇ ಸಂಗೀತ ಕೊಡಬೇಕಿತ್ತು. ನಿರ್ದೇಶಕರು ಬದಲಾದರು, ಇವರನ್ನೂ ಬದಲಿಸಿ ಡ್ಯಾನಿ ಎಲ್ಫ್‌ಮನ್ ಅವರನ್ನು ತಂದರು. ಆಮೇಲೆ ಮೊದಲಿನ ನಿರ್ದೇಶಕ ಜಾಕ್ ಸ್ನೈಡರ್ ತಮ್ಮದೇ ರೂಪವನ್ನು 2021ರಲ್ಲಿ ಹೊರತಂದಾಗ ಇವರನ್ನು ವಾಪಸ್ ಕರೆದರು. ಚಿತ್ರ ನಾಲ್ಕು ಗಂಟೆಯದ್ದು! ಅಷ್ಟಕ್ಕೂ ಸಂಗೀತ ಮಾಡಿದರು. ತಾವು ಕೆಲಸ ಮಾಡುವ ರೀತಿಯನ್ನು 'ಸ್ಟುಡಿಯೊ ಟೈಮ್' ಅನ್ನುವ ಯೂಟ್ಯೂಬ್ ಸರಣಿಯಲ್ಲಿ ಬಿಚ್ಚಿ ತೋರಿಸಿದ್ದಾರೆ. ದುಡ್ಡಿಲ್ಲದೆ ಸಿಗುವ ಪಾಠ, ಬಿಡಬೇಡಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿನಿ. ಶಾಸ್ತ್ರೀಯ ಕಲಿತಿಲ್ಲ, ಸ್ಟಾಫ್ ನೊಟೇಶನ್ (ಪಾಶ್ಚಾತ್ಯ ಸ್ವರಲಿಪಿ) ಓದಲು ಬರೋದಿಲ್ಲ. ಸಿನಿಮಾ ಸಂಗೀತಕ್ಕೆ ಅದು ಬೇಕೇ ಬೇಕಾ? (ಓದುಗರು, ಚಿಕ್ಕಮಗಳೂರು)

ಉತ್ತರ: ಗ್ರೀಸ್ ದೇಶದ ಸಂಗೀತ ನಿರ್ದೇಶಕ ವ್ಯಾಂಜೆಲಿಸ್ ಅವರಿಗೂ ನೊಟೇಶನ್ ಓದಲು ಬರುತ್ತಿರಲಿಲ್ಲ. 'ಚಾರಿಯಟ್ಸ್ ಆಫ್ ಫೈರ್' ಚಿತ್ರದ ಕಥೆ 1924ರ ಒಲಿಂಪಿಕ್ಸ್‌ನದು. ಅಂಥ ಹಳೇ ಕಾಲದ ಕಥೆಗೆ ಸಿಂಥಸೈಜರ್ ನುಡಿಸಿ 1982ರಲ್ಲಿ ಆಸ್ಕರ್ ಗೆದ್ದರು. ಅದೇ ವರ್ಷ 'ಬ್ಲೇಡ್ ರನ್ನರ್' ಬಂತು. ಅದರ ತುಂಬ ಅವರ ಯಮಾಹಾ ಸಿಎಸ್-80 ವಾದ್ಯದ ಸದ್ದು. ಬೆರಳಿನ ಒತ್ತಡ ಹೆಚ್ಚು ಕಡಿಮೆ ಆದ ಹಾಗೆ ಸ್ವರವೂ ಬದಲಾಗುವ ವಾದ್ಯ ಅದು, ಅದಕ್ಕೇ ಯಂತ್ರದಿಂದ ಬಂದರೂ ಮನುಷ್ಯರು ಹಾಡಿದ ಹಾಗೆ ಕೇಳುತ್ತದೆ.

ಹಾಗಂತ ನೀವು ಕಲಿಯಬೇಡಿ ಅಂತ ಹೇಳೋದಿಲ್ಲ. ವ್ಯಾಂಜೆಲಿಸ್ ತಾವೇ ಎಲ್ಲ ನುಡಿಸುತ್ತಿದ್ದರು, ಹತ್ತು ಜನ ವಯೊಲಿನ್‌ನವರಿಗೆ ಹಾಳೆ ಕೊಡುವ ಅಗತ್ಯ ಇರಲಿಲ್ಲ. ನಿಮಗೆ ಆ ಅಗತ್ಯ ಬರಬಹುದು. ನಿಮ್ಮ ಊರಲ್ಲೇ ಒಬ್ಬ ಕರ್ನಾಟಕ ಸಂಗೀತದ ಮೇಷ್ಟ್ರನ್ನು ಹಿಡಿದು ಸರಳೆಯಿಂದ ಶುರುಮಾಡಿ. ಕಿವಿ ಹದ ಆಗುತ್ತದೆ. ನೊಟೇಶನ್ ನಿಧಾನಕ್ಕೆ ಕಲಿಯಬಹುದು.

ಪ್ರಶ್ನೆ: ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕಾ? ಇಲ್ಲಿದ್ದು ಏನೂ ಮಾಡಲಾಗದಾ? (ಓದುಗರು, ಸಕಲೇಶಪುರ)

ಉತ್ತರ: ಕೆಲಸ ಹಿಡಿಯಲು ಹೋಗಬೇಕು, ನಿರ್ದೇಶಕರ ಎದುರು ಕೂತು ಮಾತಾಡದೆ ಯಾರೂ ಮೊದಲ ಚಿತ್ರ ಕೊಡೋದಿಲ್ಲ. ಆದರೆ ಸದ್ದು ಕೂಡಿಸಲು ನಿಮ್ಮ ಊರಿಗಿಂತ ಒಳ್ಳೆಯ ಜಾಗ ನನಗೆ ಹೊಳೆಯುತ್ತಿಲ್ಲ, ಇದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ.

ಐಸ್‌ಲ್ಯಾಂಡಿನ ಹಿಲ್ದುರ್ ಗುದ್ನಾದೊತ್ತಿರ್ ಅವರು 2019ರ 'ಚೆರ್ನೋಬಿಲ್' ಧಾರಾವಾಹಿಗೆ ಸಂಗೀತ ಮಾಡುವಾಗ ಲಿಥುವೇನಿಯಾದಲ್ಲಿ ಮುಚ್ಚಿದ್ದ ಅಣುಸ್ಥಾವರದ ಒಳಗೇ ಹೋದರು. ಅಲ್ಲಿನ ಬಾಗಿಲು, ಪಂಪು, ಖಾಲಿ ಕೋಣೆಗಳ ಸದ್ದು ಹಿಡಿದು ತಂದು ಅದರಿಂದಲೇ ಸಂಗೀತ ಕಟ್ಟಿದರು. ನಿಮ್ಮಲ್ಲಿ ಏನಿಲ್ಲ? ಕೊಯ್ಲಿನ ಕಾಲದಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಓಡುವ ಸದ್ದು, ಕಣದಲ್ಲಿ ಕಾಫಿ ಎಳೆಯುವ ಸರಸರ, ಆಷಾಢದಲ್ಲಿ ಹಂಚಿನ ಮೇಲೆ ಒಂದೇ ಸಮನೆ ಸುರಿಯುವ ಮಳೆ, ಸಂಜೆ ಜೀರುಂಡೆ ಎಲ್ಲ ಒಟ್ಟಿಗೆ ಶುರುವಾಗೋದು. ಸುಬ್ರಹ್ಮಣ್ಯದ ಕಡೆ ಇಳಿಯುವ ಘಾಟಿ ರೈಲು ದಾರಿಯಲ್ಲಿ 57 ಸುರಂಗ ಇವೆ, ಪ್ರತಿ ಸಲ ಒಳಗೆ ಹೋದಾಗ ಗಾಲಿಯ ಸದ್ದೇ ಬೇರೆ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಮೈಕಿಗೆ ಗಾಳಿ ತಡೆಯುವ ಕವರ್ ಹಾಕಿ. ಪಲ್ಪರ್ ಸದ್ದನ್ನು ಕಾಲು ವೇಗಕ್ಕೆ ಇಳಿಸಿದರೆ ಶ್ರುತಿ ಎರಡು ಸ್ಥಾಯಿ ಕೆಳಗೆ ಬರುತ್ತದೆ. ದೊಡ್ಡ ಕಂಪನಿಯ ಯಾವ ಸ್ಯಾಂಪಲ್ ಪ್ಯಾಕ್‌ನಲ್ಲೂ ಅದು ಸಿಗೋದಿಲ್ಲ. ಬೆಂಗಳೂರಿನ ಸ್ಟುಡಿಯೊಗೆ ಹೋದಾಗ ನಿಮ್ಮನ್ನು ನೆನಪಿಡಲು ಅವರಿಗೆ ಒಂದು ಕಾರಣ ಬೇಕು, ಅಲ್ವಾ?

ಪ್ರಶ್ನೆ: ಹಳೇ ಚಿತ್ರಗೀತೆಯ ನಾಲ್ಕು ಸೆಕೆಂಡ್ ತುಣುಕನ್ನು (ಸ್ಯಾಂಪಲ್) ನನ್ನ ಟ್ರ್ಯಾಕಿಗೆ ಹಾಕಿದರೆ ಪರವಾಗಿಲ್ಲವಾ? (ಓದುಗರು, ಅರಸೀಕೆರೆ)

ಉತ್ತರ: ಇಲ್ಲ. ಇಷ್ಟು ಸೆಕೆಂಡ್‌ವರೆಗೆ ಪರವಾಗಿಲ್ಲ ಅನ್ನುವ ನಿಯಮವೇ ಕಾನೂನಿನಲ್ಲಿ ಇಲ್ಲ. ಮೇಲೆ ಹೇಳಿದ ಎಲ್ವಿಸ್ ರೀಮಿಕ್ಸ್ ಕೂಡ ಅನುಮತಿ ಪಡೆದೇ ಬಂದದ್ದು.

ಪ್ರಶ್ನೆ: ಮಗ ಡಿಗ್ರಿ ಮುಗಿಸಿ ಮನೆಯಲ್ಲಿದ್ದಾನೆ. ರಾತ್ರಿಯೆಲ್ಲ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ. ಸಿನಿಮಾಕ್ಕೆ ಮ್ಯೂಸಿಕ್ ಮಾಡುತ್ತೇನೆ ಅನ್ನುತ್ತಾನೆ. ಇದರಲ್ಲಿ ಅನ್ನ ಹುಟ್ಟುತ್ತದಾ? (ಒಬ್ಬ ತಾಯಿ, ಬೇಲೂರು)

ಉತ್ತರ: ಅಮ್ಮಾ, ಹುಟ್ಟುತ್ತದೆ, ಆದರೆ ತಡವಾಗಿ. ಮೊದಲ ಕೆಲವು ವರ್ಷ ಸಿನಿಮಾದಿಂದ ದುಡ್ಡು ಬರುತ್ತದೆ ಅಂತ ನಂಬಿ ಕೂರಬಾರದು. ಅಂಗಡಿ, ರೆಸಾರ್ಟ್‌ಗಳ ಜಾಹೀರಾತು, ಮದುವೆ ವಿಡಿಯೊ, ಕಿರುಚಿತ್ರ, ಇವುಗಳಿಂದ ಶುರುವಾಗಲಿ. ಕೈಯಲ್ಲಿ ಇನ್ನೊಂದು ಕೆಲಸವೂ ಇರಲಿ. ಈ ಮಾತನ್ನು ಬೈದು ಹೇಳಬೇಡಿ, ಕೂರಿಸಿಕೊಂಡು ಹೇಳಿ. ಒಂದು ವರ್ಷದಲ್ಲಿ ಎಷ್ಟು ಕಿರುಚಿತ್ರಕ್ಕೆ ಸಂಗೀತ ಮುಗಿಸಿಕೊಟ್ಟ ಅಂತ ಕೇಳಿ. ಎಷ್ಟು ಟ್ರ್ಯಾಕ್ ಶುರುಮಾಡಿದ ಅನ್ನೋದು ಲೆಕ್ಕಕ್ಕಿಲ್ಲ.

ಯಾವ ಕೆಲಸ ಒಪ್ಪಿದರೂ ಬರಹದಲ್ಲಿ ಇರಲಿ. 2012ರ ಕಾಪಿರೈಟ್ ತಿದ್ದುಪಡಿ ಪ್ರಕಾರ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆ ಕಡೆ ಸಿನಿಮಾದ ಸಂಗೀತ ಬಳಸಿದರೆ ಸಂಯೋಜಕರಿಗೆ ರಾಯಲ್ಟಿಯಲ್ಲಿ ಪಾಲು ಸಿಗಬೇಕು, ಆ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಡುವಂತಿಲ್ಲ. ಅದನ್ನು ವಸೂಲಿ ಮಾಡಿ ಹಂಚಲು ಐಪಿಆರ್‌ಎಸ್ ಅನ್ನುವ ಸಂಸ್ಥೆ ಇದೆ. ಮೊದಲ ಕೆಲಸ ಹೊರಬಂದ ಮೇಲೆ ಅಲ್ಲಿ ಸದಸ್ಯನಾಗಲಿ.

ರಾತ್ರಿಯೆಲ್ಲ ಹೆಡ್‌ಫೋನ್ ಹಾಕಿಕೊಳ್ಳೋದು ಮಾತ್ರ ಕಿವಿಗೆ ಒಳ್ಳೆಯದಲ್ಲ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ ಅಂತ ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ಹೇಳುತ್ತದೆ, ಸದ್ದು 3 ಡೆಸಿಬಲ್ ಏರಿದರೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. 94 ಡೆಸಿಬಲ್‌ಗೆ ಬರೀ ಒಂದು ಗಂಟೆ. ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ಈ ವಾರವೇ ಇಎನ್‌ಟಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಸದ್ಯಕ್ಕೆ ವಾಲ್ಯೂಮ್ ಇಳಿಸಿ ಸ್ಪೀಕರ್‌ನಲ್ಲಿ ಕೆಲಸ ಮಾಡಲಿ.