ಎಲ್‌ಡಿ ದರಕ್ಕೂ ಮೊದಲು ಒಂದು ದಿನದ ವಿಳಂಬದ ಬೆಲೆ ತಿಳಿಯಿರಿ

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಸುಮಾರು 160 ಕೋಟಿ ರೂಪಾಯಿಯ ಕಾರ್ಖಾನೆ, ಅದರಲ್ಲಿ ಕಟ್ಟಡ ಮತ್ತು ಪೂರಕ ಕಾಮಗಾರಿಗೆ 90 ಕೋಟಿಯ ಒಂದೇ ಗುತ್ತಿಗೆ, 18 ತಿಂಗಳ ಅವಧಿ, ಬ್ಯಾಂಕ್ ಸಾಲ. ನೀವು ಮಾಲೀಕರ ಕಡೆಯ ಎಂಜಿನಿಯರ್. ಗುತ್ತಿಗೆದಾರರ ಬಾರ್ ಚಾರ್ಟನ್ನು (ಪ್ರತಿ ಕೆಲಸದ ಅವಧಿಯನ್ನು ಪಟ್ಟಿಗಳಲ್ಲಿ ತೋರಿಸುವ ವೇಳಾಪಟ್ಟಿ) ಎಷ್ಟು ನಂಬಬಹುದು, ತಡವಾದರೆ ಆಗುವ ವೆಚ್ಚವನ್ನು ಹೇಗೆ ಅಳೆಯಬೇಕು, ಎಲ್‌ಡಿ (ಲಿಕ್ವಿಡೇಟೆಡ್ ಡ್ಯಾಮೇಜಸ್, ಅಂದರೆ ತಡವಾದರೆ ಗುತ್ತಿಗೆದಾರರು ತೆರಬೇಕೆಂದು ಕರಾರಿನಲ್ಲೇ ನಿಗದಿಪಡಿಸಿದ ಪರಿಹಾರ) ದರವನ್ನು ಏರಿಸಿದರೆ ಸಾಲದೇ ಎಂದು ಕೇಳಿದ್ದೀರಿ. ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕಾಮಗಾರಿಗಳಲ್ಲಿ ಕೆಲವೊಮ್ಮೆ ಮಾಲೀಕರ ಪರವಾಗಿ, ಕೆಲವೊಮ್ಮೆ ಗುತ್ತಿಗೆದಾರರ ಪರವಾಗಿ ವೇಳಾಪಟ್ಟಿ ಮತ್ತು ಕ್ಲೇಮುಗಳ ಕೆಲಸ ಮಾಡಿದವನಾಗಿ ಉತ್ತರಿಸುತ್ತಿದ್ದೇನೆ. ಎಲ್‌ಡಿಯ ವಿಷಯಕ್ಕೆ ಕೊನೆಗೆ ಬರುತ್ತೇನೆ; ಅದಕ್ಕೂ ಮುನ್ನ ನಿಮ್ಮ ಬಳಿ ಒಂದು ಅಂಕಿ ಇರಬೇಕು. ಕಾರ್ಖಾನೆ ಒಂದು ದಿನ ತಡವಾಗಿ ಆರಂಭವಾದರೆ ನಿಮ್ಮ ಕಂಪನಿಗೆ ಎಷ್ಟು ರೂಪಾಯಿ ಹೊರೆ ಬೀಳುತ್ತದೆ ಎಂಬುದೇ ಆ ಅಂಕಿ. ನಾನು ನೋಡಿದ ಬಹುತೇಕ ಯೋಜನೆಗಳಲ್ಲಿ ಟೆಂಡರ್ ಕರೆಯುವ ಹೊತ್ತಿಗೆ ಇದನ್ನು ಯಾರೂ ಬರೆದಿಟ್ಟಿರುವುದಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಯೋಜನೆಯ ಕೊನೆಯ ಹಂತದಲ್ಲಿ 80 ಕೋಟಿ ಸಾಲ ಎತ್ತಿದ್ದೀರಿ, ಬಡ್ಡಿ 10.5% ಎಂದುಕೊಳ್ಳಿ. ವರ್ಷಕ್ಕೆ 8.4 ಕೋಟಿ, ಅಂದರೆ ದಿನಕ್ಕೆ ಸುಮಾರು 2.3 ಲಕ್ಷ. ನಿಮ್ಮ ಸೈಟ್ ಸಿಬ್ಬಂದಿ, ಸಲಹೆಗಾರರು, ಕಾವಲು, ವಿಮೆಯ ಮುಂದುವರಿಕೆ ಎಲ್ಲ ಸೇರಿ ದಿನಕ್ಕೆ 70 ಸಾವಿರ ಇಟ್ಟುಕೊಂಡರೆ ಒಟ್ಟು 3 ಲಕ್ಷವಾಯಿತು. ಕಾರ್ಖಾನೆ ಓಡಿದ್ದರೆ ತಿಂಗಳಿಗೆ 1.5 ಕೋಟಿ ಉಳಿಯುತ್ತಿತ್ತು ಎನ್ನುವುದಾದರೆ ದಿನಕ್ಕೆ ಇನ್ನೂ 5 ಲಕ್ಷ. ಈ ಕೊನೆಯ ಮೊತ್ತವನ್ನು ಮಾತ್ರ ಎಚ್ಚರದಿಂದ ಸೇರಿಸಬೇಕು, ಏಕೆಂದರೆ ಮಾರುಕಟ್ಟೆ ಹಾಗೆಯೇ ಉಳಿದು ಉತ್ಪಾದನೆ ಮುಂದಕ್ಕೆ ಹೋಗುವುದಷ್ಟೇ ಆದರೆ ಆ ಲಾಭ ಕೈತಪ್ಪುವುದಿಲ್ಲ, ತಡವಾಗಿ ಬರುತ್ತದೆ. ಆಗ ಬಡ್ಡಿಯನ್ನೂ ಲಾಭವನ್ನೂ ಪೂರ್ತಿಯಾಗಿ ಕೂಡಿಸಿದರೆ ಒಂದೇ ನಷ್ಟವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಗ್ರಾಹಕರ ಆರ್ಡರ್‌ಗೆ ನಿಗದಿತ ದಿನಾಂಕವಿದ್ದು, ಅದು ತಪ್ಪಿದರೆ ಆರ್ಡರೇ ಬೇರೆಯವರ ಪಾಲಾಗುವಂತಿದ್ದರೆ ಪೂರ್ತಿ 5 ಲಕ್ಷವನ್ನೂ ಸೇರಿಸುವುದು ನ್ಯಾಯ. ನಿಮ್ಮದು ಅಂಥ ಸ್ಥಿತಿ ಎಂದು ಭಾವಿಸಿ ದಿನಕ್ಕೆ 8 ಲಕ್ಷ ಎಂದೇ ಮುಂದುವರಿಯುತ್ತೇನೆ.

ಈ ಬೆಲೆ ಯೋಜನೆಯುದ್ದಕ್ಕೂ ಒಂದೇ ಆಗಿರುವುದಿಲ್ಲ ಎಂಬುದನ್ನು ಗಮನಿಸಿ. ಮೂರನೆಯ ತಿಂಗಳಲ್ಲಿ ನೀವು ಎತ್ತಿರುವ ಸಾಲ 15 ಕೋಟಿಯಷ್ಟೇ ಆಗಿದ್ದರೆ ಕೆಲಸ ಒಂದು ದಿನ ನಿಂತಾಗ ಬೀಳುವ ಬಡ್ಡಿ ಸುಮಾರು 43 ಸಾವಿರ. ಹದಿನೈದನೆಯ ತಿಂಗಳಲ್ಲಿ ಅದೇ ಒಂದು ದಿನಕ್ಕೆ ಅದರ ಐದು ಪಟ್ಟಿಗೂ ಮೇಲೆ. ಆದ್ದರಿಂದ ಮಣ್ಣು ಪರೀಕ್ಷೆ, ನಕ್ಷೆಗಳು, ಅನುಮತಿಗಳು, ವಿದ್ಯುತ್ ಮಂಜೂರಾತಿ ಇವು ಅರ್ಧಂಬರ್ಧ ಇರುವಾಗಲೇ ಒಳ್ಳೆಯ ಮುಹೂರ್ತವೆಂದು ಗುದ್ದಲಿಪೂಜೆ ಮಾಡಿಸಿ ಕೆಲಸ ಶುರುಮಾಡುವುದಕ್ಕಿಂತ, ಎರಡು ತಿಂಗಳು ಕಾದು ಎಲ್ಲವನ್ನೂ ಕೈಯಲ್ಲಿಟ್ಟುಕೊಂಡು ಶುರುಮಾಡುವುದು ಸಾಮಾನ್ಯವಾಗಿ ಅಗ್ಗ. ಆಡಳಿತ ಮಂಡಳಿಗೆ ಇದನ್ನು ಒಪ್ಪಿಸುವುದು ಕಷ್ಟ ಎಂಬುದು ನನಗೆ ಗೊತ್ತು. ದಿನದ ಬೆಲೆಯ ಅಂಕಿ ಕೈಯಲ್ಲಿದ್ದರೆ ಸ್ವಲ್ಪ ಸುಲಭವಾಗುತ್ತದೆ.

ನಮ್ಮ ಜಿಲ್ಲೆಗಳಲ್ಲೇ ಇದಕ್ಕೆ ಎರಡು ದೊಡ್ಡ ಉದಾಹರಣೆಗಳಿವೆ. ಸಕಲೇಶಪುರದ ಕಡೆಯಿಂದ ಈ ಜಿಲ್ಲೆಗಳಿಗೆ ನೀರು ತರುವ ಎತ್ತಿನಹೊಳೆ ಯೋಜನೆಯ ಅಂದಾಜು 2012ರಲ್ಲಿ 8,323 ಕೋಟಿ ಇದ್ದದ್ದು 2014ರಲ್ಲಿ 12,912 ಕೋಟಿಯಾಯಿತು, 2023ರಲ್ಲಿ 23,251 ಕೋಟಿಗೆ ಏರಿತು. ಈ ಏರಿಕೆಯೆಲ್ಲ ವಿಳಂಬದ ಫಲವಲ್ಲ; ಕೆಲಸದ ವ್ಯಾಪ್ತಿಯ ಬದಲಾವಣೆಯೂ 2014ರ ಜನವರಿಯಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯ್ದೆಯ ಪರಿಹಾರದ ಮೊತ್ತವೂ ಅದರಲ್ಲಿ ಸೇರಿವೆ. ಆದರೆ ಭೈರಗೊಂಡ್ಲು ಜಲಾಶಯದ ವಿಷಯವನ್ನೇ ನೋಡಿ. ಮುಳುಗಡೆಯಾಗುವ ಜಮೀನು ಕೊರಟಗೆರೆ ಮತ್ತು ದೊಡ್ಡಬಳ್ಳಾಪುರ ತಾಲ್ಲೂಕುಗಳೆರಡರಲ್ಲೂ ಇದ್ದು, ಎರಡೂ ಕಡೆಯ ಮಾರ್ಗಸೂಚಿ ದರ ಬೇರೆಬೇರೆಯಾಗಿ, ಒಂದೇ ನೀರಿನಡಿ ಮುಳುಗುವ ನೆಲಕ್ಕೆ ಎರಡು ಬೆಲೆಯೇಕೆ ಎಂದು ಕೊರಟಗೆರೆಯ ರೈತರು ಕೇಳಿದರು. ಸಕಲೇಶಪುರದ ಕಡೆ ಪಂಪು, ಪೈಪುಗಳಿಗೆ ಹಣ ಸುರಿಯುತ್ತಿದ್ದ ವರ್ಷಗಳಲ್ಲೇ ನೀರು ನಿಲ್ಲಿಸಬೇಕಾದ ಜಾಗದ ಪ್ರಶ್ನೆ ಇತ್ಯರ್ಥವಾಗದೆ ಉಳಿಯಿತು. 2014ರಲ್ಲಿ ಶಂಕುಸ್ಥಾಪನೆಯಾದ ಈ ಯೋಜನೆಯ ಮೊದಲ ಹಂತಕ್ಕೆ ಚಾಲನೆ ದೊರೆತದ್ದು 2024ರ ಸೆಪ್ಟೆಂಬರ್‌ನಲ್ಲಿ.

ಪಾವಗಡದ ಸೋಲಾರ್ ಪಾರ್ಕಿನಲ್ಲಿ ಬೇರೆ ದಾರಿ ಹಿಡಿದರು. ತಿರುಮಣಿ, ವಳ್ಳೂರು ಸೇರಿದಂತೆ ಐದು ಗ್ರಾಮಗಳ ಸುಮಾರು 13,000 ಎಕರೆಯನ್ನು ಸ್ವಾಧೀನಪಡಿಸಿಕೊಳ್ಳಲು ಹೋಗದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ 5% ಏರಿಕೆಯ ಷರತ್ತಿನೊಂದಿಗೆ ರೈತರಿಂದ ಗುತ್ತಿಗೆಗೆ ಪಡೆದರು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಪಾರ್ಕು 2019ರ ಅಂತ್ಯದ ವೇಳೆಗೆ 2,050 ಮೆಗಾವ್ಯಾಟ್‌ನ ಪೂರ್ಣ ಸಾಮರ್ಥ್ಯ ಮುಟ್ಟಿತು. ಬಾಡಿಗೆ ನ್ಯಾಯವಾದದ್ದೇ, ಜಮೀನಿಲ್ಲದ ಕೂಲಿಕಾರರ ಗತಿಯೇನು ಎಂಬ ಪ್ರಶ್ನೆಗಳು ಇದ್ದೇ ಇವೆ, ಅವುಗಳನ್ನು ಹಗುರವಾಗಿ ಕಾಣಬಾರದು. ವೇಳಾಪಟ್ಟಿಯ ದೃಷ್ಟಿಯಿಂದ ಮಾತ್ರ ಹೇಳುವುದಾದರೆ, ಅತಿ ದೊಡ್ಡ ಅನಿಶ್ಚಿತತೆಯನ್ನು ಮೊದಲ ಹಂತದಲ್ಲೇ ಹಣ ಕೊಟ್ಟು ನಿವಾರಿಸಿಕೊಂಡರು.

ನಿಮ್ಮದು ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನಿವೇಶನವಾದ್ದರಿಂದ ಜಮೀನಿನ ತಲೆನೋವು ಬಹುಮಟ್ಟಿಗೆ ಇಲ್ಲ. ಉಳಿಯುವ ಸ್ಥಳೀಯ ಅಪಾಯಗಳಲ್ಲಿ ಮೊದಲನೆಯದು ಬಂಡೆ. ಈ ಭಾಗದ ನೆಲದಲ್ಲಿ ನಾಲ್ಕು ಮೀಟರ್ ಮೊರಂ (ಗರಸು ಮಣ್ಣು) ಸಿಕ್ಕ ಗುಂಡಿಯ ಇಪ್ಪತ್ತು ಅಡಿ ಆಚೆ ಒಂದೂವರೆ ಮೀಟರ್‌ಗೇ ಗಟ್ಟಿ ಕಲ್ಲು ಎದುರಾಗಬಹುದು. ನಾಲ್ಕು ಬೋರ್‌ಹೋಲ್ ಹಾಕಿಸಿ ಉಳಿತಾಯ ಮಾಡಿದೆವು ಎನ್ನುವವರು ಆಮೇಲೆ ಬಂಡೆ ಒಡೆಯುವ ಬ್ರೇಕರ್ ಯಂತ್ರದ ಬಾಡಿಗೆಯಲ್ಲಿ ಅದರ ಹಲವು ಪಟ್ಟು ತೆರುತ್ತಾರೆ. ಸಿಡಿಮದ್ದಿನ ಕೆಲಸವನ್ನಂತೂ ಸುಲಭವೆಂದು ಎಣಿಸಲೇಬೇಡಿ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಮರುತಿಂಗಳು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಸ್ಫೋಟಕಗಳಿಂದ ಜೀವಗಳು ಹೋದ ಮೇಲೆ ಪರಿಶೀಲನೆ ಬಿಗಿಯಾಗಿದೆ, ಬಿಗಿಯಾಗಬೇಕಾದದ್ದೂ ಹೌದು. ಕ್ವಾರಿ, ಕ್ರಷರ್‌ಗಳು ನಿಂತರೆ ಜಲ್ಲಿ ಮತ್ತು ಎಂ-ಸ್ಯಾಂಡ್ ಕೂಡ ನಿಲ್ಲುತ್ತವೆ. ಎರಡನೆಯದು ಮಳೆ. ಮಳೆಗಾಲವೆಂದರೆ ಜೂನ್, ಜುಲೈ ಎಂದು ಬಾರ್ ಚಾರ್ಟಿನಲ್ಲಿ ಬಣ್ಣ ಬಳಿಯುವವರು ಹೊರಗಿನಿಂದ ಬಂದವರು. ಈ ಮೂರೂ ಜಿಲ್ಲೆಗಳಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ, 2021ರಂತಹ ವರ್ಷದಲ್ಲಿ ನವೆಂಬರ್‌ನಲ್ಲೂ ಕೆರೆಗಳು ಕೋಡಿ ಬಿದ್ದವು. ಆ ತಿಂಗಳುಗಳಲ್ಲಿ ಅಡಿಪಾಯ ಅಗೆಯುವಂತಿದ್ದರೆ ಚಾರ್ಟನ್ನು ವಾಪಸ್ ಕಳಿಸಿ. ವಿದ್ಯುತ್ ವಿಷಯದಲ್ಲಿ, ನಿಮ್ಮ ಬೇಡಿಕೆ ಬೆಸ್ಕಾಂನ 11 ಕೆವಿ ಮಾರ್ಗದಲ್ಲಿ ತೀರುತ್ತದೆಯೇ, ಕೆಪಿಟಿಸಿಎಲ್‌ನ 66 ಕೆವಿ ಮಾರ್ಗ ಬೇಕೇ ಎಂಬುದನ್ನು ಇಂದೇ ಖಚಿತಪಡಿಸಿಕೊಳ್ಳಿ. ಎರಡರ ನಡುವಿನ ವ್ಯತ್ಯಾಸ ತಿಂಗಳುಗಳದ್ದು.

ಈಗ ಬಾರ್ ಚಾರ್ಟಿನ ನಂಬಿಕೆಯ ಪ್ರಶ್ನೆ. ಯಂತ್ರಸ್ಥಾಪನೆ ಆರಂಭವಾಗಲು ಛಾವಣಿ ಮುಗಿದಿರಬೇಕು, ವಿದ್ಯುತ್ ಬಂದಿರಬೇಕು, ಯಂತ್ರಗಳು ಬಂದರಿನಿಂದ ತಲುಪಿರಬೇಕು. ಇವುಗಳಲ್ಲಿ ಪ್ರತಿಯೊಂದೂ ಹೇಳಿದ ದಿನಕ್ಕೆ ಆಗುವ ಸಂಭವ 80% ಎಂದುಕೊಳ್ಳಿ. ಇವು ಒಂದಕ್ಕೊಂದು ಸಂಬಂಧವಿಲ್ಲದವು ಎಂದಿಟ್ಟುಕೊಂಡರೆ ಮೂರೂ ಒಟ್ಟಿಗೆ ಆ ದಿನಕ್ಕೆ ಸಿದ್ಧವಾಗಿರುವ ಸಂಭವ 51% ಮಾತ್ರ. ನಾಲ್ಕನೆಯದಾಗಿ ಅಗ್ನಿಶಾಮಕ ಅನುಮತಿಯೂ ಸೇರಿದರೆ 41%. ಮೂವರು ನಾಲ್ವರು ಉಪಗುತ್ತಿಗೆದಾರರು ತಲಾ ಪ್ರಾಮಾಣಿಕವಾಗಿಯೇ ಭರವಸೆ ಕೊಟ್ಟರೂ ಅವರೆಲ್ಲ ಕೂಡುವ ಗಂಟಿನಲ್ಲಿ ದಿನಾಂಕ ತಪ್ಪುವುದು ಹೀಗೆ. ಬಾರ್ ಚಾರ್ಟು ಇದನ್ನು ತೋರಿಸುವುದಿಲ್ಲ, ಏಕೆಂದರೆ ಅದು ಪ್ರತಿ ಕೆಲಸಕ್ಕೂ ಒಂದೇ ಅವಧಿಯನ್ನು ಬರೆಯುತ್ತದೆ.

ಪರಿಹಾರವಾಗಿ, ಚಾರ್ಟಿನ ನೂರಾರು ಸಾಲುಗಳನ್ನು ಬಿಟ್ಟು ಇಪ್ಪತ್ತೈದು ಮೂವತ್ತು ಮುಖ್ಯ ಕೆಲಸಗಳನ್ನು ಆರಿಸಿ, ಪ್ರತಿಯೊಂದಕ್ಕೂ ಚೆನ್ನಾಗಿ ನಡೆದರೆ, ಸಾಮಾನ್ಯವಾಗಿ ನಡೆದರೆ, ಕೆಟ್ಟದಾಗಿ ನಡೆದರೆ ಎಷ್ಟು ದಿನ ಎಂದು ಮೂರು ಅಂಕಿಗಳನ್ನು ಬರೆಯಿಸಿ, ಸ್ಪ್ರೆಡ್‌ಶೀಟಿನಲ್ಲಿಯೇ ಮಾಂಟೆ ಕಾರ್ಲೊ ಲೆಕ್ಕ (ಆ ಅಂಕಿಗಳ ನಡುವೆ ಯಾದೃಚ್ಛಿಕವಾಗಿ ಅವಧಿಗಳನ್ನು ಆರಿಸಿ ಸಾವಿರಾರು ಸಲ ಮುಕ್ತಾಯದ ದಿನ ಎಣಿಸುವ ವಿಧಾನ) ಓಡಿಸಿ. ಕೆಟ್ಟದಾಗಿ ನಡೆದರೆ ಎಂಬ ಅಂಕಿಯನ್ನು ಗುತ್ತಿಗೆದಾರರ ಬಾಯಿಂದ ಪಡೆಯುವುದಕ್ಕಿಂತ, ಅದೇ ಕೈಗಾರಿಕಾ ಪ್ರದೇಶದಲ್ಲಿ ಈಚೆಗೆ ಕಟ್ಟಿದ ನಾಲ್ಕೈದು ಕಾರ್ಖಾನೆಗಳವರನ್ನು ಕೇಳಿ ತಿಳಿಯುವುದು ಮೇಲು. ಇನ್ನೊಂದು ಸೂಕ್ಷ್ಮವಿದೆ: ಮಳೆ, ಜಲ್ಲಿಯ ಕೊರತೆ, ಛಠ್ ಹಬ್ಬಕ್ಕೂ ಚುನಾವಣೆಗೂ ಬಿಹಾರದ ಕಾರ್ಮಿಕರು ಊರಿಗೆ ಹೋಗುವುದು, ಇವು ಒಂದು ಕೆಲಸವನ್ನಷ್ಟೇ ತಡಮಾಡದೆ ಎಲ್ಲವನ್ನೂ ಒಟ್ಟಿಗೆ ತಡಮಾಡುತ್ತವೆ. ಕೆಲಸಗಳೆಲ್ಲ ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಲೆಕ್ಕ ಹಾಕಿದರೆ ಫಲಿತಾಂಶ ವಾಸ್ತವಕ್ಕಿಂತ ಬಹಳ ಚೆನ್ನಾಗಿ ಕಾಣುತ್ತದೆ. ಬ್ಯಾಂಕಿಗೆ ಒಂದೇ ದಿನಾಂಕ ಕೊಡಬೇಡಿ. ಅಷ್ಟರೊಳಗೆ ಮುಗಿಯುವ ಸಂಭವ 50% ಇರುವ ಮತ್ತು 80% ಇರುವ ಎರಡು ದಿನಾಂಕಗಳನ್ನು ಕೊಡಿ. ಅವೆರಡರ ನಡುವಿನ ಅಂತರ 70 ದಿನವಾದರೆ, ದಿನಕ್ಕೆ 8 ಲಕ್ಷದಂತೆ 5.6 ಕೋಟಿ ಮೀಸಲು ಏಕೆ ಬೇಕೆಂದು ವಿವರಿಸಲು ಬೇರೆ ವಾದವೇ ಬೇಕಾಗುವುದಿಲ್ಲ.

ಎಲ್‌ಡಿಗೆ ಬರುತ್ತೇನೆ. ನಿಮ್ಮ ಕರಡಿನಲ್ಲಿ ವಾರಕ್ಕೆ 0.5%, ಗರಿಷ್ಠ 10% ಇದೆ ಎಂದಿದ್ದೀರಿ. 90 ಕೋಟಿಗೆ ವಾರಕ್ಕೆ 45 ಲಕ್ಷ, ದಿನಕ್ಕೆ ಸುಮಾರು 6.4 ಲಕ್ಷ. ನಿಮ್ಮ 8 ಲಕ್ಷಕ್ಕೆ ಇದು ಸಾಲದು, ಆದರೆ ನಿಜವಾದ ತೊಂದರೆ ಅದಲ್ಲ. ಇಪ್ಪತ್ತು ವಾರಗಳಿಗೆ 9 ಕೋಟಿಯ ಮಿತಿ ಮುಗಿದುಹೋಗುತ್ತದೆ. ಇಪ್ಪತ್ತೊಂದನೆಯ ವಾರದಿಂದ ತಡಮಾಡಿದ್ದಕ್ಕೆ ಗುತ್ತಿಗೆದಾರರು ಎಲ್‌ಡಿಯ ಲೆಕ್ಕದಲ್ಲಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಕಾಗಿಲ್ಲ, ನಿಮ್ಮ 8 ಲಕ್ಷ ಮಾತ್ರ ದಿನವೂ ಹೋಗುತ್ತಿರುತ್ತದೆ. ದರವನ್ನು 1%ಕ್ಕೆ ಏರಿಸಿದರೆ ಮಿತಿ ಹತ್ತೇ ವಾರಕ್ಕೆ ಮುಗಿಯುತ್ತದೆ, ಅಲ್ಲದೆ ಅನುಭವಿ ಗುತ್ತಿಗೆದಾರರು ಆ ಭಯವನ್ನು ಮೊದಲೇ ಟೆಂಡರ್ ದರಕ್ಕೆ ಸೇರಿಸಿರುತ್ತಾರೆ. ಅದರ ಬದಲು ಅಡಿಪಾಯ, ಛಾವಣಿ, ಯಂತ್ರಸ್ಥಾಪನೆಗೆ ಜಾಗ ಬಿಟ್ಟುಕೊಡುವುದು ಹೀಗೆ ಮೈಲಿಗಲ್ಲುಗಳಿಗೆ ಎಲ್‌ಡಿಯನ್ನು ಹಂಚಿ, ಕೊನೆಯ ದಿನಾಂಕ ಉಳಿಸಿಕೊಂಡರೆ ಹಿಡಿದದ್ದನ್ನು ಹಿಂದಿರುಗಿಸುವುದಾಗಿ ಬರೆದು, ಬೇಗ ಮುಗಿಸಿದ ಪ್ರತಿ ದಿನಕ್ಕೂ ನಿಮ್ಮ ದಿನದ ಬೆಲೆಯ ಮೂರನೆಯ ಒಂದು ಭಾಗವನ್ನಾದರೂ ಬೋನಸ್ ಇಡಿ.

ಎಲ್‌ಡಿ ಬರೆದಿದೆ ಎಂದಮಾತ್ರಕ್ಕೆ ಅದು ಪೂರ್ತಿ ದಕ್ಕುತ್ತದೆ ಎಂದೂ ತಿಳಿಯಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನಡಿ ಬರೆದ ಮೊತ್ತವೇ ಗರಿಷ್ಠ ಮಿತಿ, ದೊರೆಯುವುದು ಸಮಂಜಸವಾದ ಪರಿಹಾರ. ನಷ್ಟವನ್ನು ಸಾಬೀತುಪಡಿಸಲು ಸಾಧ್ಯವಿರುವಲ್ಲಿ ಅದನ್ನು ಸಾಬೀತುಪಡಿಸಬೇಕು ಎಂದು ಸುಪ್ರೀಂ ಕೋರ್ಟ್ 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ಹೇಳಿದೆ. ಮೊದಲೇ ಮಾಡಿಟ್ಟ ದಿನದ ಲೆಕ್ಕ ಇಲ್ಲಿಯೂ ಒದಗುತ್ತದೆ. 55ನೇ ಕಲಮು ಇನ್ನೂ ಮುಖ್ಯ: ತಡವಾದ ಕೆಲಸವನ್ನು ಒಪ್ಪಿಕೊಳ್ಳುವ ಸಮಯದಲ್ಲೇ, ಪರಿಹಾರ ಕೇಳುವ ಹಕ್ಕನ್ನು ಉಳಿಸಿಕೊಂಡಿದ್ದೇವೆ ಎಂದು ನೋಟಿಸ್ ಕೊಡದಿದ್ದರೆ ಆಮೇಲೆ ಕೇಳಲಾಗುವುದಿಲ್ಲ. ಅವಧಿ ವಿಸ್ತರಣೆಯ ಪತ್ರವನ್ನು ಸೌಜನ್ಯಕ್ಕೆಂದು, ಈ ಹಕ್ಕಿನ ಮಾತಿಲ್ಲದೆ ಬರೆದು ಎಲ್‌ಡಿ ಕಳೆದುಕೊಂಡ ಮಾಲೀಕರನ್ನು ನೋಡಿದ್ದೇನೆ.

ಇದರ ಇನ್ನೊಂದು ಮುಖ ನಿಮ್ಮಿಂದಲೇ ಆಗುವ ವಿಳಂಬ. ನಕ್ಷೆ ತಡವಾಗಿ ಕೊಟ್ಟಿರಿ, ಬಿಲ್ಲು ತಡೆದಿರಿ ಎಂದಾದರೆ ಗುತ್ತಿಗೆದಾರರಿಗೆ ಸಮಯವೂ ಹಣವೂ ಸಲ್ಲಬೇಕು. ಅವರ ಕೇಂದ್ರ ಕಚೇರಿಯ ವೆಚ್ಚ 10% ಎಂದಿಟ್ಟು ಹಡ್ಸನ್ ಸೂತ್ರದಂತೆ (ಗುತ್ತಿಗೆ ಮೊತ್ತದಲ್ಲಿನ ಆ ಪಾಲನ್ನು ಗುತ್ತಿಗೆಯ ಅವಧಿಯಿಂದ ಭಾಗಿಸುವ ಕ್ರಮ) ಲೆಕ್ಕ ಹಾಕಿದರೆ 9 ಕೋಟಿಯನ್ನು 540 ದಿನಗಳಿಂದ ಭಾಗಿಸಿ ದಿನಕ್ಕೆ 1.67 ಲಕ್ಷ ಬರುತ್ತದೆ. 2006ರ ಮ್ಯಾಕ್‌ಡರ್ಮಾಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಂತಹ ಸೂತ್ರಗಳನ್ನು ಮಾನ್ಯ ಮಾಡಿತು. 2023ರ ಯುನಿಬ್ರೋಸ್ ತೀರ್ಪಿನಲ್ಲಿ, ಕೈತಪ್ಪಿದ ಲಾಭಕ್ಕೆ ಪರಿಹಾರ ಕೇಳುವಾಗ ಪುರಾವೆಯಿಲ್ಲದೆ ಬರೀ ಸೂತ್ರ ಸಾಲದು ಎಂದಿತು. ಇಬ್ಬರದೂ ತಪ್ಪಿಲ್ಲದ ವಿಳಂಬಗಳಿಗೆ ಸಮಯ ಕೊಡಿ, ಹಣ ಬೇಡ ಎಂದು ಸ್ಪಷ್ಟವಾಗಿ ಬರೆಯಿರಿ. ಕೋಲಾರದ ಕೆರೆಗಳಿಗೆ ಸಂಸ್ಕರಿತ ನೀರು ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರ ಜೂನ್‌ನಲ್ಲಿ ಆರಂಭವಾಗಿ, ಜುಲೈನಲ್ಲಿ ಹೈಕೋರ್ಟಿನ ತಡೆ ಕಂಡು, 2019ರ ಜನವರಿಯಿಂದ ಏಪ್ರಿಲ್‌ವರೆಗೆ ಸುಪ್ರೀಂ ಕೋರ್ಟಿನ ತಡೆಯನ್ನೂ ಕಂಡಿತು. ಅಂತಹ ತಿಂಗಳುಗಳ ಹೊರೆ ಯಾರದು ಎಂಬ ಚರ್ಚೆ ತಡೆಯಾಜ್ಞೆ ಬಂದ ಮೇಲೆ ಶುರುವಾಗಬಾರದು.

ಇದಕ್ಕೆಲ್ಲ ಆಧಾರ ಹಿಂಡ್ರೆನ್ಸ್ ರಿಜಿಸ್ಟರ್, ಅಂದರೆ ಅಡ್ಡಿಗಳ ದಾಖಲೆ ಪುಸ್ತಕ. ಯಾವ ಅಡ್ಡಿ, ಎಂದಿನಿಂದ ಎಂದಿನವರೆಗೆ, ಯಾವ ಕೆಲಸಕ್ಕೆ, ಅದು ಆಗ ಕ್ರಿಟಿಕಲ್ ಪಾತ್‌ನಲ್ಲಿತ್ತೇ (ಒಂದು ದಿನ ತಡವಾದರೂ ಇಡೀ ಯೋಜನೆ ತಡವಾಗುವ ಕೆಲಸಗಳ ಸರಣಿ) ಎಂದು ಬರೆದು ಎರಡೂ ಕಡೆಯವರು ವಾರಕ್ಕೊಮ್ಮೆ ಸಹಿ ಹಾಕಬೇಕು. ಆರು ತಿಂಗಳ ಬಳಿಕ ಕೂತು ನೆನಪಿನಿಂದ ತುಂಬಿಸಿದ ರಿಜಿಸ್ಟರಿಗೆ ಮಧ್ಯಸ್ಥಗಾರರ ಮುಂದೆ ಬೆಲೆ ಬಹಳ ಕಡಿಮೆ.

ಕೆಲಸ ಹಿಂದೆ ಬಿದ್ದಾಗ ಗುತ್ತಿಗೆದಾರರು ಎರಡನೆಯ ಪಾಳಿಗೆ 40 ಲಕ್ಷ ಕೇಳಿ, ಛಾವಣಿಯನ್ನು ಹತ್ತು ದಿನ ಬೇಗ ಮುಗಿಸಿಕೊಡುತ್ತೇವೆ ಎನ್ನಬಹುದು. ವಿಳಂಬ ಅವರದೇ ಆಗಿದ್ದರೆ ಆ ಖರ್ಚೂ ಅವರದೇ. ನಿಮ್ಮ ಕಾರಣದಿಂದ ಆಗಿದ್ದು, ಛಾವಣಿಯೇ ಯಂತ್ರಸ್ಥಾಪನೆಯನ್ನು ತಡೆದಿದ್ದರೆ ಹತ್ತು ದಿನಕ್ಕೆ 80 ಲಕ್ಷ ಉಳಿಯುತ್ತದೆ, ಅಂದೇ ಒಪ್ಪಿಕೊಳ್ಳಿ. ಆದರೆ ವಿದ್ಯುತ್ ಸಂಪರ್ಕ ಛಾವಣಿ ಮುಗಿದು ಹದಿನೈದು ದಿನದ ನಂತರವೇ ಬರುವುದಿದ್ದರೆ ಆ 40 ಲಕ್ಷದಿಂದ ಒಂದು ದಿನವೂ ಸಿಗುವುದಿಲ್ಲ. ಅದರ ಒಂದು ಪಾಲನ್ನು ಲೈನ್ ಕೆಲಸದ ಗುತ್ತಿಗೆದಾರರಿಗೆ ಹೆಚ್ಚುವರಿ ತಂಡ ಹಾಕಲು ಕೊಡುವುದು ಒಳ್ಳೆಯದು.